ಬೊಂಬಿನ ಟ್ರ್ಯಾಕ್ಟರ್

ಮನೆಯ ಹಿಂದಿನ ಎರಡು ಎಕರೆಯಲ್ಲಿ ಹುಲ್ಲು ಸೊಂಟದೆತ್ತರ ಬೆಳೆದು ನಿಂತಿತ್ತು. ಕೊಯ್ಯಲು ಆಳು ಸಿಗುತ್ತಿರಲಿಲ್ಲ. ಬಾಡಿಗೆ ಟ್ರ್ಯಾಕ್ಟರಿನವನನ್ನು ಕೇಳಿದರೆ "ನಾಳೆ ಬರ್ತೀನಿ" ಎನ್ನುತ್ತಿದ್ದ. ಅವನ ನಾಳೆ ಬರುವ ಹೊತ್ತಿಗೆ ನೆಲ ಒಣಗಿ ಕಲ್ಲಾಗಿರುತ್ತಿತ್ತು, ಇಲ್ಲವೇ ಮಳೆ ಸುರಿದು ಕೆಸರಾಗಿರುತ್ತಿತ್ತು. ಕಾದು ಕಾದು ಸಾಕಾಗಿ ಡ್ರೈವರಣ್ಣ ಸ್ವಂತಕ್ಕೊಂದು ಟ್ರ್ಯಾಕ್ಟರ್ ಕೊಳ್ಳಲು ತೀರ್ಮಾನಿಸಿದ. ಅದರಲ್ಲಿ ತಪ್ಪೇನೂ ಇಲ್ಲ. ತಪ್ಪು ಮಾಡಿದ್ದು ಅಂಗಡಿಗೆ ಹೋದ ಮೇಲೆ.

ಡ್ರೈವರಣ್ಣ ನಿವೃತ್ತನಾಗುವವರೆಗೂ ಬಸ್ಸು ಓಡಿಸಿದವನು. ಕೈಗಾಡಿ ಹೋಗಲು ಹೆದರುವ ಸಂದಿಯಲ್ಲೂ ಬಸ್ಸು ನುಗ್ಗಿಸಿ ಕನ್ನಡಿಗೆ ಗೀರು ಬೀಳದಂತೆ ತಂದವನು. ಅಂಥವನು ಅಂಗಡಿಯಲ್ಲಿ ಸಾಲಾಗಿ ನಿಂತಿದ್ದ ಸಣ್ಣ ಟ್ರ್ಯಾಕ್ಟರುಗಳತ್ತ ಕಣ್ಣೆತ್ತಿಯೂ ನೋಡಲಿಲ್ಲ. ಮೂಲೆಯಲ್ಲಿದ್ದ ಐವತ್ತು ಎಚ್‌ಪಿಯದರ ಮುಂದೆ ಹೋಗಿ ನಿಂತ. ಅದರ ಹಿಂದಿನ ಚಕ್ರ ಅವನ ಎದೆಮಟ್ಟ ಬರುತ್ತಿತ್ತು. ಮನಸ್ಸು ಅಲ್ಲೇ ಜಾರಿತು.

ಪಕ್ಕದ ಮನೆಯ ಗಿರಣಿಯವನು ಬೇರೆ ಗಾಳಿ ಹಾಕಿದ. "ಅಣ್ಣಾ, ದೊಡ್ಡದೇ ತಗೋ. ಆ ಪುಟಾಣಿ ಟ್ರ್ಯಾಕ್ಟರ್ ಮೇಲೆ ನೀನು ಕೂತ್ರೆ ಆಡಿನ ಮೇಲೆ ಆನೆ ಕೂತ ಹಾಗೆ ಕಾಣುತ್ತೆ."

ಒಂದೇ ಒಂದು ಅಡ್ಡಿಯಿತ್ತು. ಗೇಟಿನಿಂದ ಹಿತ್ತಿಲಿಗೆ ಹೋಗುವ ದಾರಿಯ ಒಂದು ಪಕ್ಕಕ್ಕೆ ಕಾಂಪೌಂಡು ಗೋಡೆ, ಇನ್ನೊಂದು ಪಕ್ಕಕ್ಕೆ ಹೆಂಡತಿಯ ಹೊಲಿಗೆ ಕೋಣೆ. ದೊಡ್ಡ ಟ್ರ್ಯಾಕ್ಟರ್ ಆ ನಡುವೆ ತೂರುವುದಿಲ್ಲ. ಡ್ರೈವರಣ್ಣ ಗೇಟಿನ ಬಳಿ ನಿಂತು ಎರಡು ನಿಮಿಷ ನೋಡಿದ. ಕೋಣೆ ಒಡೆಸುವುದೆಂದು ನಿಶ್ಚಯಿಸಿದ. ಗಾರೆ ಮೇಸ್ತ್ರಿಗೆ ಭಾನುವಾರ ಬೆಳಿಗ್ಗೆ ಬರಲು ಹೇಳಿಯೂ ಬಿಟ್ಟ. ಹೆಂಡತಿಗೆ ಹೇಳಿದ್ದು ಆಮೇಲೆ.

"ಮಿಷನ್ನು ವರಾಂಡದಲ್ಲಿ ಹಾಕ್ಕೋ. ಗಾಳಿ ಚೆನ್ನಾಗಿ ಬರುತ್ತೆ."

"ಗಾಳಿ ಬರುತ್ತೆ, ಗಿರಾಕಿ ಬರಲ್ಲ," ಎಂದಳು ಹೆಂಡತಿ.

"ಯಾಕೆ ಬರಲ್ಲ? ಬರ್ತಾರೆ ಬಿಡೆ."

"ನೀವು ಅಲ್ಲಿ ಪೇಪರ್ ಬಿಡಿಸ್ಕೊಂಡು ಕೂತಿರ್ತೀರಿ. ನಿಮ್ಮ ಕಣ್ಣೆದುರಿಗೆ ಅವರು ಸೊಂಟದ ಅಳತೆ ಕೊಡ್ತಾರಾ?"

ಉತ್ತರವಿಲ್ಲದಾಗ ಗಂಡಸರು ಮಾಡುವುದನ್ನೇ ಡ್ರೈವರಣ್ಣನೂ ಮಾಡಿದ. ಧ್ವನಿ ಏರಿಸಿದ. "ಹುಲ್ಲು ಮನೆಯೊಳಗೆ ಬಂದ ಮೇಲೆ ಅದರ ಅಳತೆ ತಗೋ!"

ಆ ಬೀದಿಯ ಹೆಂಗಸರು ಬಾಗಿಲು ಹಾಕಿಕೊಂಡು ಅಳತೆ ಕೊಡಲು, ಬಟ್ಟೆ ತೊಟ್ಟು ನೋಡಲು ಇದ್ದದ್ದು ಅದೊಂದೇ ಕೋಣೆ. ಅದು ಹೋದರೆ ಅವಳ ದುಡಿಮೆಯೂ ಹೋದಂತೆಯೇ. ಹೆಂಡತಿ ಮತ್ತೆ ವಾದಕ್ಕೆ ನಿಲ್ಲಲಿಲ್ಲ. ಒಳಗೆ ಹೋಗಿ ತಂಗಿಗೆ ಫೋನು ಮಾಡಿದಳು.

ತಂಗಿ, ಎಂದರೆ ಡ್ರೈವರಣ್ಣನ ನಾದಿನಿ, ಹತ್ತಿರದ ಪೇಟೆಯಲ್ಲಿ ತೋಟದ ಯಂತ್ರಗಳನ್ನು ಬಾಡಿಗೆಗೆ ಕೊಡುವ ಅಂಗಡಿ ಇಟ್ಟಿದ್ದಳು. ರಿಪೇರಿಯನ್ನೂ ಅವಳೇ ಮಾಡುತ್ತಿದ್ದಳು. ಅವಳ ಬಾಯಿ ಮಾತ್ರ ರಿಪೇರಿಯಾಗದ್ದು ಎಂದು ಡ್ರೈವರಣ್ಣ ಹೇಳುತ್ತಿದ್ದ.

ಭಾನುವಾರ ಮೇಸ್ತ್ರಿ ಸುತ್ತಿಗೆ, ಹಾರೆ, ಆಸರೆಗೆ ಬೇಕಾದ ಬೊಂಬುಗಳನ್ನು ತಂದು ಇಳಿಸುತ್ತಿದ್ದಾಗಲೇ ನಾದಿನಿಯ ಸ್ಕೂಟರ್ ಬಂದು ನಿಂತಿತು.

"ಭಾವ, ನಿಮ್ಮ ಟ್ರ್ಯಾಕ್ಟರ್ ನೋಡೋಣ ಅಂತ ಬಂದೆ."

"ಎಲ್ಲಿಂದ ನೋಡ್ತೀಯಾ? ಮೊದಲು ಈ ಕೋಣೆ ಒಡೀಬೇಕು, ಆಮೇಲೆ ಅದನ್ನ ಕೊಳ್ಳೋದು."

"ಅದೇನು ಕೆಲಸ ಮಾಡುತ್ತೆ ನಿಮ್ಮ ಟ್ರ್ಯಾಕ್ಟರ್?"

"ಇದೊಳ್ಳೆ ಕಥೆ. ಎಲ್ಲ ಟ್ರ್ಯಾಕ್ಟರ್ ಮಾಡೋದೇ ಇದೂ ಮಾಡುತ್ತೆ."

"ಟ್ರ್ಯಾಕ್ಟರ್ ತಾನಾಗಿ ಏನೂ ಮಾಡಲ್ಲ ಭಾವ. ಹಿಂದೆ ಕಟ್ಟೋ ಸಾಮಾನು ಮಾಡುತ್ತೆ. ನಿಮಗೆ ಏನೇನು ಕಟ್ಟಬೇಕು, ಅದನ್ನ ಹೇಳಿ."

ಡ್ರೈವರಣ್ಣ ತಲೆ ಕೆರೆದುಕೊಂಡ. ಮರಗಳ ನಡುವಿನ ಹುಲ್ಲು ಕೊಯ್ಯಬೇಕು. ತರಕಾರಿ ಪಾತಿಯ ಮಣ್ಣು ಪುಡಿ ಮಾಡಬೇಕು, ಅದಕ್ಕೊಂದು ರೋಟವೇಟರ್. ಗೊಬ್ಬರ, ಸೌದೆ ಸಾಗಿಸಲು ಒಂದು ಟ್ರೇಲರ್. ಅಷ್ಟೇ.

"ಈ ಮೂರು ಕೆಲಸಕ್ಕೆ ಐವತ್ತು ಎಚ್‌ಪಿ! ಮೂಗಿಗಿಂತ ಮೂಗುತಿ ಭಾರ. ಹೋಗಲಿ, ಕೋಣೆ ಒಡೆದಾಯ್ತು ಅಂತಲೇ ಇಟ್ಕೊಳ್ಳಿ. ಅಲ್ಲಿಂದಾಚೆ ನಿಮ್ಮ ಗಾಡಿ ಹೇಗೆ ಓಡುತ್ತೆ, ಒಂದ್ಸಲ ಓಡಿಸಿ ನೋಡೋಣ."

ಹೆಂಡತಿ ತಂಗಿಯನ್ನು ದುರುಗುಟ್ಟಿ ನೋಡಿದಳು. ತಂಗಿ ಅತ್ತ ನೋಡದೆ ಕೈಚೀಲದಿಂದ ಅಳತೆಯ ಟೇಪು ತೆಗೆದಳು. ದೊಡ್ಡ ಟ್ರ್ಯಾಕ್ಟರಿನ ಉದ್ದ ಅಗಲಗಳನ್ನು ಕಂಪನಿಯವರ ಕರಪತ್ರದಿಂದ ನೋಡಿಕೊಂಡೇ ಬಂದಿದ್ದಳು. ಮೇಸ್ತ್ರಿಯ ಬೊಂಬುಗಳನ್ನು ಹಗ್ಗದಿಂದ ಬಿಗಿದು ಅಷ್ಟೇ ಉದ್ದದ, ಅಷ್ಟೇ ಅಗಲದ ಒಂದು ಚೌಕಟ್ಟು ಕಟ್ಟಿದಳು. ರೋಟವೇಟರಿನ ಲೆಕ್ಕಕ್ಕೆ ಅದರ ಹಿಂದೆ ಇನ್ನಷ್ಟು ಅಗಲದ ಬೊಂಬನ್ನು ಅಡ್ಡ ಕಟ್ಟಿದಳು.

"ಮುಂದಿನ ಎರಡು ಚಕ್ರ ಅಕ್ಕ, ನಾನು. ಹಿಂದಿನ ಒಂದು ಚಕ್ರ ಮೇಸ್ತ್ರಿಗಳು. ಇನ್ನೊಂದು ಬೇಕಲ್ಲ?"

ಗೋಡೆಯ ಮೇಲಿಂದ ಇಣುಕುತ್ತಿದ್ದ ಗಿರಣಿಯವನು ಸಿಕ್ಕಿಬಿದ್ದ.

ಹೀಗೆ ಕೋಣೆಯ ಆಚೆಯಿಂದ ಟ್ರ್ಯಾಕ್ಟರ್ ಹೊರಟಿತು. ನಾಲ್ಕು ಮೂಲೆಯಲ್ಲಿ ನಾಲ್ವರು, ನಡುವೆ ಡ್ರೈವರಣ್ಣ. ಕೈಯಲ್ಲಿ ಸ್ಟೇರಿಂಗ್ ಎಂದು ಊಟದ ತಟ್ಟೆ. ಮೊದಲು ನಾಚಿಕೊಂಡ. ನಾಲ್ಕು ಹೆಜ್ಜೆ ಹಾಕಿದ ಮೇಲೆ ಹಳೆಯ ಚಾಳಿ ಬಿಡಲಿಲ್ಲ, "ಎಡಕ್ಕೆ, ಎಡಕ್ಕೆ, ಹಿಂದಿನವರು ನಿಧಾನ" ಎಂದು ಗದರತೊಡಗಿದ.

ನಿಂಬೆ ಸಾಲಿನ ನಡುವೆ ಮುಂಭಾಗ ಸಲೀಸಾಗಿ ಹೋಯಿತು. ತಿರುಗಿಸುವಾಗ ಹಿಂದಿನ ಅಡ್ಡ ಬೊಂಬು ಆಚೆಗೆ ಬೀಸಿ ಒಂದು ಗಿಡದ ಕೊಂಬೆ ಮುರಿಯಿತು.

"ಬಾಲ ಹೊಡೀತು," ಎಂದ ಡ್ರೈವರಣ್ಣ, ತನಗೆ ತಾನೇ.

"ಬಸ್ಸಿಗೂ ಬಾಲ ಇತ್ತಲ್ಲ ಭಾವ?"

"ಬಸ್ಸಿನ ದಾರೀಲಿ ನಿಂಬೆಗಿಡ ಇರ್ಲಿಲ್ಲ ಕಣಮ್ಮ. ಒಂದು ಗಿಡ ತಾನೆ, ತೆಗೆಸಿಬಿಡೋಣ."

ಮೇಸ್ತ್ರಿ ಜೇಬಿನಿಂದ ಸೀಮೆಸುಣ್ಣ ತೆಗೆದು ಗಿಡದ ಬುಡಕ್ಕೆ ಅಡ್ಡಗೀಟು ಎಳೆದ. ತೆಗೆಸುವುದಕ್ಕೆಲ್ಲ ಗುರುತು ಹಾಕುವುದು ಅವನ ಪದ್ಧತಿ. ಹೊಲಿಗೆ ಕೋಣೆಯ ಗೋಡೆಗೆ ಬಂದ ಕೂಡಲೇ ಹಾಕಿದ್ದ.

ಸಾಲಿನ ಕೊನೆಯಲ್ಲಿ ಗೋಡೆ ಅಡ್ಡ ಬಂತು. ಮುಂದೆ ಹೋಗುವಂತಿಲ್ಲ, ತಿರುಗುವಂತಿಲ್ಲ. ಹಿಂದೆ, ಮುಂದೆ, ಮತ್ತೆ ಹಿಂದೆ. "ಅಣ್ಣಾ, ಈ ಚಕ್ರಕ್ಕೆ ಉಸಿರು ಕಟ್ಟುತ್ತಿದೆ," ಎಂದ ಗಿರಣಿಯವನು. ಕೊನೆಯ ಎರಡು ಸೀಬೆಮರ ತೆಗೆದರೆ ಜಾಗವಾಗುತ್ತಿತ್ತು. ಮೇಸ್ತ್ರಿ ಅವಕ್ಕೂ ಗೀಟು ಎಳೆದ. ಬಟ್ಟೆ ಒಗೆಯುವ ಕಲ್ಲಿಗೂ ಎಳೆದ.

ಬಚ್ಚಲ ಹಿಂದೆ ಬಂದಾಗ ನಾದಿನಿ ತಟ್ಟನೆ ನಿಂತಳು. "ಬ್ರೇಕ್ ಹಾಕಿ ಭಾವ. ನಾವು ಯಾವುದರ ಮೇಲೆ ನಿಂತಿದ್ದೀವಿ ಗೊತ್ತಾ?"

ಕಾಲ ಕೆಳಗೆ ಶೌಚದ ಗುಂಡಿಯ ಮುಚ್ಚುಚಪ್ಪಡಿಗಳಿದ್ದವು.

"ನಿಮ್ಮ ಗಾಡಿ ಎರಡು ಟನ್ನಿನ ಮೇಲಿದೆ. ಇಲ್ಲಿ ಗಾಡಿ ಸಮೇತ ಕೆಳಗೆ ಇಳೀತೀರಿ. ಎಲ್ಲಿಗೆ ಇಳೀತೀರಿ ಅಂತ ನನ್ನ ಬಾಯಿಂದ ಹೇಳಿಸಬೇಡಿ."

ಗಿರಣಿಯವನು ಚಪ್ಪಡಿಯಿಂದ ಜಿಗಿದು ಆಚೆ ನಿಂತ. ಮೇಸ್ತ್ರಿ ಬಗ್ಗಿ ಗೀಟು ಎಳೆದ.

ಕೊನೆಗೆ, ಗಾಡಿ ನಿಲ್ಲಿಸಬೇಕಿದ್ದ ಶೆಡ್ಡು. ನಾದಿನಿ ಒಂದು ಬೊಂಬನ್ನು ನೆಟ್ಟಗೆ ಹಿಡಿದಳು. ಟ್ರ್ಯಾಕ್ಟರಿನ ಸೀಟಿನ ಹಿಂದೆ ಎದ್ದು ನಿಲ್ಲುವ ಕಬ್ಬಿಣದ ಕಮಾನಿನ ಎತ್ತರ ಅದು. ಶೆಡ್ಡಿನ ಬಾಗಿಲಿಗಿಂತ ಒಂದು ಮೊಳ ಮೇಲಿತ್ತು.

"ಆ ಕಂಬಿ ಕತ್ತರಿಸಿ ಬಿಸಾಕಿದ್ರಾಯ್ತು," ಎಂದ ಡ್ರೈವರಣ್ಣ.

ಅಲ್ಲಿಯವರೆಗೆ ನಗುತ್ತಿದ್ದ ನಾದಿನಿಯ ಮುಖ ಬಿಗಿಯಿತು. "ಆ ಮಾತು ಇನ್ನೊಂದು ಸಲ ಆಡಬೇಡಿ. ಗಾಡಿ ಮಗುಚಿದಾಗ ನಿಮ್ಮ ತಲೆಗೂ ನೆಲಕ್ಕೂ ಮಧ್ಯೆ ನಿಲ್ಲೋದು ಅದೊಂದೇ. ಕತ್ತರಿಸಿದವರ ಗಾಡಿ ನನ್ನ ಅಂಗಡಿಗೆ ರಿಪೇರಿಗೆ ಬಂದಿದೆ ಭಾವ. ಓಡಿಸ್ತಿದ್ದವರು ಬಂದಿಲ್ಲ."

ಮೇಸ್ತ್ರಿ ಶೆಡ್ಡಿನ ಬಾಗಿಲ ಮೇಲಿನ ಗೋಡೆಗೆ ಗೀಟು ಎಳೆದ.

ಡ್ರೈವರಣ್ಣ ತಟ್ಟೆ ಕೆಳಗಿಟ್ಟು ಹಿಂತಿರುಗಿ ನೋಡಿದ. ಹೊಲಿಗೆ ಕೋಣೆಯಿಂದ ಹಿಡಿದು ಶೆಡ್ಡಿನವರೆಗೆ ಬಿಳಿ ಗೀಟುಗಳು. ಹಿತ್ತಿಲಿನಲ್ಲಿ ಗೀಟಿಲ್ಲದ್ದು ಹುಲ್ಲು ಮಾತ್ರ.

"ನನಗೇನು ಅಣ್ಣ," ಎಂದ ಮೇಸ್ತ್ರಿ, "ಒಡೆಯೋಕೂ ಕೂಲಿ, ಕಟ್ಟೋಕೂ ಕೂಲಿ. ನೀವು ಹೂಂ ಅಂದ್ರೆ ತಿಂಗಳುಗಟ್ಟಲೆ ಇಲ್ಲೇ ಇರ್ತೀನಿ."

"ಇಲಿ ಕಾಟಕ್ಕೆ ಮನೆ ಸುಟ್ಟ ಹಾಗಾಯ್ತಲ್ಲಣ್ಣ," ಎಂದ ಗಿರಣಿಯವನು.

ಡ್ರೈವರಣ್ಣನಿಗೆ ರೇಗಿತು. "ದೊಡ್ಡದೇ ತಗೋ ಅಂದವನು ನೀನೇ ಅಲ್ವೇನೋ?"

"ಅದು ನನ್ನ ಇಪ್ಪತ್ತು ಎಕರೆ ಹೊಲ ನೋಡಿ ಅಂದಿದ್ದು. ನಿನ್ನ ಹಿತ್ತಿಲು ಸುತ್ತಿ ನೋಡಿದ್ದು ಇವತ್ತೇ."

ಹೆಂಡತಿ ಬೊಂಬು ಕೆಳಗಿಟ್ಟು ಅಂದು ಮೊದಲ ಬಾರಿಗೆ ಬಾಯಿ ಬಿಟ್ಟಳು. "ಹಾಗಿದ್ರೆ ಅಂಗಡೀಲಿ ಎಲ್ಲಕ್ಕಿಂತ ಚಿಕ್ಕದು ಯಾವುದಿದೆಯೋ ಅದನ್ನೇ ತನ್ನಿ. ಅದಕ್ಕೆ ಏನೂ ಒಡೀಬೇಕಾಗಿಲ್ಲ."

"ಅದನ್ನೂ ಓಡಿಸಿಯೇ ನೋಡೋಣ ಅಕ್ಕ," ಎಂದಳು ತಂಗಿ. ಚೌಕಟ್ಟನ್ನು ಬಿಚ್ಚಿ ಕಿರಿದಾಗಿ ಕಟ್ಟಿದಳು. ಈ ಸಲ ಅಕ್ಕ ತಂಗಿ ಇಬ್ಬರೇ ಹೊತ್ತರು. ಗೇಟು, ಕೋಣೆ, ನಿಂಬೆ ಸಾಲು, ಸೀಬೆಮರ ಎಲ್ಲವನ್ನೂ ದಾಟಿ ಹಿತ್ತಿಲ ಬಾವಿಯ ಕಡೆಗೆ ಇಳಿಯುವ ದಾರಿಗೆ ಬಂದರು. ಹೆಂಡತಿಯ ಮುಖದಲ್ಲಿ ಗೆಲುವಿತ್ತು.

"ಈಗ ಸೌದೆ ತುಂಬಿದ ಟ್ರೇಲರ್ ಕಟ್ಟಬೇಕು," ಎಂದಳು ನಾದಿನಿ. "ಗಿರಣಿಯಣ್ಣ, ಮೇಸ್ತ್ರಿ, ಇಬ್ಬರೂ ಹಿಂದಿನ ಬೊಂಬಿನ ಮೇಲೆ ಭಾರ ಹಾಕಿ."

ಗಿರಣಿಯವನ ಮೈಭಾರ ಸಣ್ಣದೇನಲ್ಲ. ಇಳಿಜಾರಿನಲ್ಲಿ ಎರಡು ಹೆಜ್ಜೆ ಇಡುವಷ್ಟರಲ್ಲಿ ಹಿಂದಿನವರು ಮುಂದಿನವರನ್ನು ದೂಡಿಕೊಂಡು ಹೊರಟರು. ಹೆಂಡತಿಯ ಚಪ್ಪಲಿ ಒಂದು ಕಡೆ, ಕಾಲು ಒಂದು ಕಡೆ.

"ನಿಲ್ಸಿ! ನಿಲ್ಸಿ!" ಡ್ರೈವರಣ್ಣ ಓಡಿ ಬಂದು ಬೊಂಬಿಗೆ ಹೆಗಲು ಕೊಟ್ಟು ತಡೆದ. ಅವನ ಮುಖ ಬಿಳುಚಿತ್ತು. ಘಾಟಿಯಲ್ಲಿ ಬಸ್ಸು ಇಳಿಸಿದವನಿಗೆ ಅದನ್ನು ಬಿಡಿಸಿ ಹೇಳುವ ಅಗತ್ಯವಿರಲಿಲ್ಲ. "ಬೇಡ, ಇದೂ ಬೇಡ. ಹಿಂದಿನ ಭಾರ ಮುಂದಿನದಕ್ಕಿಂತ ಹೆಚ್ಚಾದ್ರೆ ಇಳಿಜಾರಲ್ಲಿ ಗಾಡಿ ನಮ್ಮ ಮಾತು ಕೇಳಲ್ಲ. ಬ್ರೇಕ್ ಒತ್ತಿದ್ರೂ ತಳ್ಕೊಂಡೇ ಹೋಗುತ್ತೆ."

"ಈ ಮಾತು ನಾನು ಹೇಳೋಣ ಅಂತಿದ್ದೆ," ಎಂದಳು ನಾದಿನಿ. "ನೀವು ಹೇಳಿದ್ದೇ ಒಳ್ಳೇದಾಯ್ತು."

ಮೂರನೆಯ ಚೌಕಟ್ಟು ಇಪ್ಪತ್ತೈದು ಎಚ್‌ಪಿ ಆಸುಪಾಸಿನದು. ನಾಲ್ಕು ಅಡಿ ಅಗಲ, ತೂಕ ದೊಡ್ಡದರ ಅರ್ಧಕ್ಕಿಂತ ಕಡಿಮೆ. ಕೋಣೆಗೂ ಗೋಡೆಗೂ ನಡುವೆ ಎರಡೂ ಪಕ್ಕ ಒಂದು ಗೇಣಿಗಿಂತ ಹೆಚ್ಚೇ ಬಿಟ್ಟು ಸಾಗಿತು. ಸಾಲಿನ ಕೊನೆಯಲ್ಲಿ ಒಂದೇ ಸಲ ಹಿಂದಕ್ಕೆ ತೆಗೆದು ತಿರುಗಿತು. ಸೀಬೆಯ ಒಂದು ತಗ್ಗಿನ ಕೊಂಬೆ ಮಾತ್ರ ಕಡಿಯಬೇಕಿತ್ತು. ಶೌಚದ ಗುಂಡಿಯ ಮೇಲೆ ಇದೂ ಹೋಗಕೂಡದು, ಸುತ್ತ ಕಲ್ಲು ನೆಡಬೇಕು ಎಂದಳು ನಾದಿನಿ. ಕಮಾನು ಮಡಚುವಂಥದ್ದೇ ಕೊಳ್ಳಬೇಕು, ಶೆಡ್ಡಿನೊಳಗೆ ಹೋಗುವಾಗಷ್ಟೇ ಮಡಚಬೇಕು, ಹೊರಗೆ ಬಂದ ಕೂಡಲೇ ಎತ್ತಿ ನಿಲ್ಲಿಸಿ ಬೆಲ್ಟು ಹಾಕಿಕೊಳ್ಳಬೇಕು. ಟ್ರೇಲರಿಗೂ ಒಂದು ಮಿತಿ. ಇಳಿಜಾರಿನಲ್ಲಿ ಅರ್ಧಕ್ಕಿಂತ ಹೆಚ್ಚು ತುಂಬಬಾರದು.

"ಹಾಗಾದ್ರೆ ಇವತ್ತು ನನಗೆ ಕಲ್ಲು ನೆಡೋ ಕೆಲಸ ಮಾತ್ರವಾ?" ಎಂದ ಮೇಸ್ತ್ರಿ, ನಿರಾಸೆಯಿಂದ.

ಎಲ್ಲರೂ ಮುಂಬಾಗಿಲಿಗೆ ಬಂದಾಗ ಹೊಲಿಗೆ ಕೋಣೆಯ ಮುಂದೆ ಒಬ್ಬ ಹೆಂಗಸು ಬಟ್ಟೆಯ ಗಂಟು ಹಿಡಿದು ನಿಂತಿದ್ದಳು. ಜೊತೆಗೆ ಮದುವೆಯ ವಯಸ್ಸಿನ ಮಗಳು.

"ಕೋಣೆ ಒಡೀತಾರಂತಲ್ಲ, ಅದಕ್ಕೆ ಬೇಗ ಅಳತೆ ಕೊಟ್ಟು ಹೋಗೋಣ ಅಂತ ಬಂದ್ವಿ."

"ಯಾರಮ್ಮ ನಿಮಗೆ ಹೇಳಿದ್ದು?" ಎಂದ ಡ್ರೈವರಣ್ಣ.

"ನೀವೇ ಅಲ್ವೇ ಅಣ್ಣ, ಬೀದಿಗೆಲ್ಲ ಹೇಳ್ಕೊಂಡು ಬಂದಿದ್ದು?"

ನಾದಿನಿ ಆಚೆ ತಿರುಗಿ ನಕ್ಕಳು. ಡ್ರೈವರಣ್ಣ ನಲ್ಲಿಯ ಬಳಿ ಹೋಗಿ ಒರೆಸುವ ಬಟ್ಟೆ ನೆನೆಸಿ ತಂದ. ಕೋಣೆಯ ಗೋಡೆಯ ಮೇಲಿನ ಗೀಟನ್ನು ಉಜ್ಜಿ ಉಜ್ಜಿ ಅಳಿಸಿದ. "ಒಳಗೆ ಹೋಗ್ರಮ್ಮ," ಎಂದ. ಹೆಂಡತಿ ತಾಯಿ ಮಗಳಿಬ್ಬರನ್ನೂ ಒಳಗೆ ಕರೆದುಕೊಂಡು ಬಾಗಿಲು ಹಾಕಿ ಚಿಲಕ ಸೇರಿಸಿದಳು.

ಮುಂದಿನ ವಾರ ಅಂಗಡಿಗೆ ಗಂಡ ಹೆಂಡತಿ ಇಬ್ಬರೂ ಹೋದರು. ಸೀಟಿನ ಮೇಲೆ ಇಬ್ಬರೂ ಕೂತು ನೋಡಿದರು. ಒಂದು ಕಂಪನಿಯದರಲ್ಲಿ ಕ್ಲಚ್ಚು ಪೂರ್ತಿ ಒತ್ತಲು ಹೆಂಡತಿಯ ಕಾಲು ಎಟುಕಲಿಲ್ಲ, ಅದನ್ನು ಬಿಟ್ಟರು. ತಮಗೆ ಬೇಕಾದ ರೋಟವೇಟರನ್ನು ಎತ್ತುವ ಶಕ್ತಿ ಇದೆಯೇ, ಬಿಡಿಭಾಗ ಎಲ್ಲಿ ಸಿಗುತ್ತದೆ, ಕೆಟ್ಟರೆ ಹತ್ತಿರದಲ್ಲಿ ಯಾರು ನೋಡುತ್ತಾರೆ ಎಂದು ಕೇಳಿದರು. ಆಮೇಲೆ ಕೊಂಡರು.

ಟ್ರ್ಯಾಕ್ಟರ್ ಕೊಳ್ಳಲು ಹೊರಟವರೇ, ನೆರೆಯವನ ಹೊಲ ನೋಡಿ ನಿಮ್ಮ ಹಿತ್ತಿಲಿಗೆ ಗಾಡಿ ತರಬೇಡಿ. ಚಿಕ್ಕದು ಕಡಿಮೆಗೆ ಸಿಗುತ್ತದೆ ಎಂದೂ ಮುಗಿಬೀಳಬೇಡಿ. ಅಂಗಡಿಯ ಕಡೆ ಕಾಲಿಡುವ ಮೊದಲು ಯಾವ ಕೆಲಸಕ್ಕೆ ಬೇಕೆಂದು ಮನೆಯವರೆಲ್ಲ ಕೂತು ಮಾತಾಡಿ. ನಾಲ್ಕು ಬೊಂಬು, ಒಂದು ಹಗ್ಗ ತಂದು ನಿಮ್ಮ ಟ್ರ್ಯಾಕ್ಟರನ್ನು ನೀವೇ ಕಟ್ಟಿ, ಹಿಂದೆ ಕಟ್ಟುವ ಸಾಮಾನಿನ ಅಗಲವನ್ನೂ ಸೇರಿಸಿ. ಅತಿ ಕಿರಿದಾದ ಜಾಗದಲ್ಲಿ ನುಗ್ಗಿಸಿ, ಗೋಡೆಯ ಬಳಿ ತಿರುಗಿಸಿ, ಇಳಿಜಾರಿನಲ್ಲಿ ಇಳಿಸಿ ನೋಡಿ. ತಲೆ ಕಾಯುವ ಕಮಾನಿಗೆ ಗರಗಸ ಹಾಕುವ ಯೋಚನೆ ಬಂದರೆ ಆ ಟ್ರ್ಯಾಕ್ಟರ್ ನಿಮ್ಮದಲ್ಲ, ಅಲ್ಲೇ ಬಿಟ್ಟು ಬನ್ನಿ. ನಾಲ್ಕು ಜನ ನೋಡಿ ನಗುತ್ತಾರೆ. ನಗಲಿ. ಅವರ ಕೈಗೂ ಒಂದೊಂದು ಮೂಲೆ ಕೊಡಿ.