ಚೇಳೂರಿನ ಗಾಣ ಫೋನಿನಲ್ಲಿ ಕಾಣದೆ ಹೋದದ್ದು

ಚೇಳೂರಿನ ಸ್ತ್ರೀಶಕ್ತಿ ಸಂಘದ ಗಾಣದಲ್ಲಿ ಎಣ್ಣೆಗೆ ಬರವಿರಲಿಲ್ಲ, ಬರವಿದ್ದದ್ದು ಗಿರಾಕಿಗಳಿಗೆ. ಮರದ ಗಾಣ, ಒಳ್ಳೆಯ ಕೊಬ್ಬರಿ, ಬಾಗಿಲಲ್ಲೇ ಮೂಗಿಗೆ ಬಡಿಯುವ ಘಮ, ಎಲ್ಲವೂ ಇತ್ತು. ಆದರೂ ತುಂಬಿದ ಕ್ಯಾನುಗಳು ಗೋಡೆಗೆ ಒರಗಿ ಕೂತಿದ್ದವು. ಗಾಣ ನೋಡಿಕೊಳ್ಳುವ ಚಿಕ್ಕಮಾರಮ್ಮ ದಿನಕ್ಕೆ ಹತ್ತು ಸಲ ಬಾಗಿಲ ಕಡೆ ಕತ್ತು ಹೊರಳಿಸುತ್ತಿದ್ದಳು. ದೀಪಾವಳಿಯ ಹೊತ್ತಿಗೆ ಗಾಣ ಸರಿಯಾಗಿ ನಡೆಯದಿದ್ದರೆ ಅದಿರುವ ತಮ್ಮ ಮಳಿಗೆಯನ್ನು ಬೇರೆಯವರಿಗೆ ಕೊಡಬೇಕಾಗುತ್ತದೆ ಎಂದು ಪಂಚಾಯ್ತಿಯವರು ಹೇಳಿ ಹೋಗಿದ್ದರು. ಇಪ್ಪತ್ತು ವರ್ಷ ಕಂಡವರ ತೋಟದಲ್ಲಿ ಕೂಲಿ ಮಾಡಿದವಳಿಗೆ ಇದು ಮೊದಲ ಸ್ವಂತ ಕಸುಬು. ಇದೂ ಕೈತಪ್ಪಿ ಹೋದರೆ ಮತ್ತೆ ಕೂಲಿಗೇ ಹೋಗಬೇಕಿತ್ತು.

ಹಾಗಂತ ಸಂಘದವರು ಕೈಕಟ್ಟಿ ಕೂತವರಲ್ಲ. ಹೋದ ವರ್ಷವೇ ಇಂಟರ್‌ನೆಟ್ಟಿನಲ್ಲಿ ಗಾಣಕ್ಕೊಂದು ಪುಟ ಮಾಡಿಸಿದ್ದರು. ಪುಟ ಮಾಡಿಸಿದ ಮೇಲೆ ಲೋಕಕ್ಕೆಲ್ಲ ಗೊತ್ತಾಯಿತು ಎಂದೇ ಎಲ್ಲರೂ ನಂಬಿದ್ದರು.

ಆ ನಂಬಿಕೆ ಮುರಿದದ್ದು ತುಮಕೂರಿನ ಪಕ್ಕದ ಕ್ಯಾತ್ಸಂದ್ರದಲ್ಲಿ. ಅಲ್ಲಿರುವ ಮಗಳು ಹರ್ಷಿತಾಳನ್ನು ನೋಡಲು ಚಿಕ್ಕಮಾರಮ್ಮ ಹೋಗಿದ್ದಾಗ ಮಹಡಿ ಮನೆಯಾಕೆ ಗಾಣದ ಎಣ್ಣೆಯ ಸೀಸೆ ಹಿಡಿದು ಮೆಟ್ಟಿಲು ಹತ್ತುತ್ತಿದ್ದಳು. ಎಲ್ಲಿಯದೆಂದು ಕೇಳಿದರೆ, ಜಿಲ್ಲೆಯಾಚೆಯ ಯಾವುದೋ ಊರಿನದು, ಕೊರಿಯರ್‌ನಲ್ಲಿ ತರಿಸಿದ್ದು. ಚೇಳೂರಿನಲ್ಲೇ ನಮ್ಮದೊಂದು ಗಾಣವಿದೆ, ಪುಟವೂ ಇದೆ ಎಂದು ಚಿಕ್ಕಮಾರಮ್ಮ ಹೇಳಿದಳು.

“ತುಮಕೂರು ಹತ್ರ ಗಾಣದ ಎಣ್ಣೆ ಎಲ್ಲಿ ಸಿಗುತ್ತೆ ಅಂತ ಫೋನಲ್ಲಿ ಹುಡುಕಿದ್ದೆ ಅಮ್ಮ. ನಿಮ್ದು ಬರ್ಲೇ ಇಲ್ಲ” ಎಂದಳು ಆಕೆ.

ವಾಪಸ್ ಬರುವ ಬಸ್ಸಿನಲ್ಲಿ ಚಿಕ್ಕಮಾರಮ್ಮನಿಗೆ ಅದೇ ಚಿಂತೆ. ಪುಟ ಇದೆ, ಆದರೆ ಬರಲಿಲ್ಲ. ಹಾಗಾದರೆ ಯಾವುದು ಬರಬೇಕು, ಯಾವುದು ಬರಬಾರದು ಎಂದು ತೀರ್ಮಾನ ಮಾಡುವವರು ಯಾರು? ಬಸ್ಸಿಳಿದವಳು ಮನೆಗೂ ಹೋಗದೆ ನೇರ ಪಂಚಾಯ್ತಿ ಗ್ರಂಥಾಲಯಕ್ಕೆ ನಡೆದಳು. ಗ್ರಂಥಾಲಯ ನೋಡಿಕೊಳ್ಳುವ ಭಾನುಪ್ರಿಯಾಗೆ ಕಂಪ್ಯೂಟರ್ ಚೆನ್ನಾಗಿ ಗೊತ್ತು, ಊರವರ ಅರ್ಜಿಗಳನ್ನೆಲ್ಲ ತುಂಬಿಕೊಡುವವಳೂ ಅವಳೇ.

“ಪುಟ ಐತಲ್ಲವ್ವ, ಮತ್ಯಾಕೆ ಕಾಣಲ್ಲ? ಫೋನಿಗೇನು ನಮ್ಮೇಲೆ ಸಿಟ್ಟಾ?” ಎಂದು ಕೇಳಿದಳು.

ಭಾನುಪ್ರಿಯಾ ಪುಟ ತೆಗೆದು ನೋಡಿ ತುಟಿ ಕಚ್ಚಿಕೊಂಡಳು. ಮೇಲ್ಗಡೆ ಶ್ರೀ ಕರಿಯಮ್ಮದೇವಿ ಪ್ರಸನ್ನ. ಅದರ ಕೆಳಗೆ ಗೌರವಾಧ್ಯಕ್ಷರು, ಅಧ್ಯಕ್ಷೆ ಶ್ರೀಮತಿ ಸುಬ್ಬಲಕ್ಷ್ಮಮ್ಮನವರು, ಕಾರ್ಯದರ್ಶಿ, ಖಜಾಂಚಿ, ಹಿತೈಷಿಗಳು ಎಂದು ಹನ್ನೊಂದು ಹೆಸರು. ಆಮೇಲೆ, ತಾವು ಬಂಧುಮಿತ್ರರೊಡನೆ ಆಗಮಿಸಬೇಕೆಂಬ ಕೋರಿಕೆ. ಎಣ್ಣೆ ಎಂಬ ಮಾತು ಮೂಲೆಯಲ್ಲಿ, ಇರುವೆಗಾತ್ರದ ಅಕ್ಷರದಲ್ಲಿ. ಚೇಳೂರು ಎಂಬ ಹೆಸರು ಹುಡುಕಿದರೂ ಇಲ್ಲ. ಊರು ಎಲ್ಲರಿಗೂ ಗೊತ್ತಲ್ಲ ಎಂದು ಬಿಟ್ಟಿದ್ದರು. ಪುಟ ಮಾಡಿಕೊಟ್ಟವನು ಗುಬ್ಬಿಯಲ್ಲಿ ಮದುವೆ ಪತ್ರಿಕೆ ಅಚ್ಚು ಹಾಕುವ ರಂಗಣ್ಣ. ಪಾಪ, ತನಗೆ ಬರುವುದನ್ನೇ ಚೆಂದವಾಗಿ ಮಾಡಿದ್ದ. ಮಾಡಿದ ಪತ್ರಿಕೆಯ ಫೋಟೋ ತೆಗೆದು ಹಾಗೇ ಇಂಟರ್‌ನೆಟ್ಟಿಗೆ ಏರಿಸಿದ್ದ.

“ಅಕ್ಕ, ಇದು ಲಗ್ನಪತ್ರಿಕೆ. ಮದುಮಕ್ಕಳು ಮಾತ್ರ ಇಲ್ಲ” ಎಂದಳು ಭಾನುಪ್ರಿಯಾ.

ಚಿಕ್ಕಮಾರಮ್ಮನಿಗೆ ನಗುವೂ ಬಂತು, ಬೇಜಾರೂ ಆಯಿತು. ಅದರಲ್ಲಿ ತಪ್ಪೇನಿದೆ ಎಂದು ಕೇಳಿದಳು. ಗೂಗಲ್‌ನಂಥ ಹುಡುಕುವ ತಾಣಗಳು ಪುಟಗಳನ್ನು ಮೊದಲೇ ಓದಿಟ್ಟುಕೊಂಡಿರುತ್ತವೆ, ಯಾರಾದರೂ ಏನಾದರೂ ಕೇಳಿದಾಗ ಅದಕ್ಕೆ ಸರಿಯಾಗಿ ಉತ್ತರವಿರುವ ಪುಟವನ್ನು ಮುಂದಕ್ಕೆ ತರುತ್ತವೆ ಎಂದು ಭಾನುಪ್ರಿಯಾ ವಿವರಿಸಿದಳು. ಫೋಟೋದೊಳಗಿನ ಅಕ್ಷರವನ್ನು ಅವು ಓದಿಯೇ ಓದುತ್ತವೆಂದು ನಂಬಿ ಕೂರುವಂತಿಲ್ಲ. ಬರೆದದ್ದು ಬರೆದ ಹಾಗೇ ಇರಬೇಕು.

“ಗುಬ್ಬಿ ಬಸ್‌ಸ್ಟ್ಯಾಂಡಲ್ಲಿ ನೀವು ಬಸ್ ಹತ್ತೋದು ಗಾಜಿನ ಮೇಲಿರೋ ದೇವರ ಹೆಸರು ನೋಡ್ಕಂಡಾ, ಊರಿನ ಬೋರ್ಡ್ ನೋಡ್ಕಂಡಾ?”

“ಬೋರ್ಡ್ ನೋಡ್ಕಂಡೇ ಕಣವ್ವ. ಚೇಳೂರು ಅಂತ ಇದ್ರೆ ಹತ್ತೀನಿ.”

“ನಿಮ್ಮ ಪುಟಕ್ಕೆ ಆ ಬೋರ್ಡೇ ಇಲ್ಲ.”

ಚಿಕ್ಕಮಾರಮ್ಮನ ಕುತೂಹಲ ಕೆರಳಿತು. ಹಾಗಾದರೆ ಗಾಣದ ಎಣ್ಣೆ ಅಂತ ನೂರು ಸಲ ಬರೆದುಬಿಟ್ಟರೆ ಎಂದಳು. ಆಗದು, ಅಂಥ ಆಟ ಆ ತಾಣಗಳಿಗೆ ಗೊತ್ತಾಗುತ್ತದೆ, ಇನ್ನಷ್ಟು ಹಿಂದಕ್ಕೆ ತಳ್ಳುತ್ತವೆ. ದುಡ್ಡು ಕೊಟ್ಟರೆ? ಅದು ಜಾಹೀರಾತು, ಕೊಡುವುದು ನಿಲ್ಲಿಸಿದ ದಿನ ಅದೂ ನಿಲ್ಲುತ್ತದೆ. ಒಂದೇ ವಾರದಲ್ಲಿ ಮೊದಲನೇ ಸ್ಥಾನಕ್ಕೆ ತರುತ್ತೇವೆ ಎಂದು ಫೋನ್ ಮಾಡುವವರನ್ನಂತೂ ನಂಬಲೇಬಾರದು. ಎಣ್ಣೆ ಹಚ್ಚಿದರೆ ಬೋಳುತಲೆಯಲ್ಲೂ ಕೂದಲು ಬರುತ್ತದೆ ಎಂದು ಬರೆಯೋಣವೇ ಎಂದದ್ದಕ್ಕೆ ಭಾನುಪ್ರಿಯಾ ಗದರುವಂತೆ ನೋಡಿದಳು. ಚಿಕ್ಕಮಾರಮ್ಮ ಆ ಮಾತನ್ನು ಅಲ್ಲಿಗೇ ಬಿಟ್ಟಳು.

“ಅದೆಲ್ಲ ಇರ್ಲಿ. ಗಾಣಕ್ಕೆ ಬಂದೋರು ನಿಮ್ಮನ್ನ ಏನ್ ಕೇಳ್ತಾರೆ? ಅವರ ಮಾತಲ್ಲೇ ಹೇಳಿ” ಎಂದು ಭಾನುಪ್ರಿಯಾ ಪೆನ್ನು ಹಿಡಿದಳು.

ಇದು ಚಿಕ್ಕಮಾರಮ್ಮನಿಗೆ ನೀರು ಕುಡಿದಷ್ಟು ಸುಲಭ. ಯಾವ ದಿನ ಗಾಣ ಆಡುತ್ತದೆ, ಬಸ್‌ಸ್ಟ್ಯಾಂಡಿನಿಂದ ಎಷ್ಟು ದೂರ, ಎಣ್ಣೆ ಎಷ್ಟು ತಿಂಗಳು ಕೆಡದೆ ಇರುತ್ತದೆ, ಅಡುಗೆಗೆ ಆಗುತ್ತದೋ ತಲೆಗೋ ಎಂದು ಒಂದೊಂದಾಗಿ ಹೇಳಿದಳು. ಕೊನೆಗೆ, “ನಮ್ಮ ಕೊಬ್ಬರಿ ತಂದ್ರೆ ಎಣ್ಣೆ ತೆಗ್ದು ಕೊಡ್ತೀರಾ ಅಂತ ಎಲ್ರೂ ಕೇಳ್ತಾರೆ. ಕೊಡ್ತೀವಿ, ಹಿಂಡೀನೂ ನಿಮ್ಗೇ ವಾಪಸ್ ಅಂತೀನಿ. ಇದನ್ನೂ ಬರೀಬೇಕಾ?” ಎಂದಳು.

“ಇದನ್ನೇ ಬರೀಬೇಕು ಅಕ್ಕ.”

ಇನ್ನು ಉಳಿದದ್ದು, ಪುಟ ಬದಲಿಸಲು ಸಂಘದ ಸಭೆಯ ಒಪ್ಪಿಗೆ. ಅಲ್ಲಿ ಅಧ್ಯಕ್ಷೆ ಸುಬ್ಬಲಕ್ಷ್ಮಮ್ಮ ಸುಲಭಕ್ಕೆ ಬಗ್ಗಲಿಲ್ಲ. ದೇವರ ಹೆಸರು ತೆಗೆದರೆ ಶುಭವಾಗುತ್ತದೆಯೇ ಎಂದಳು. ತನ್ನ ಹೆಸರಿನ ಮಾತನ್ನು ಬಾಯಿಬಿಟ್ಟು ಆಡಲಿಲ್ಲ, ಆದರೆ ಮುಖದಲ್ಲಿ ಅದೇ ಇತ್ತು.

ಚಿಕ್ಕಮಾರಮ್ಮ ಎದ್ದು ನಿಂತಳು. “ಯಾರ್ ಹೆಸ್ರೂ ತೆಗ್ಯಲ್ಲ ಸುಬ್ಬಲಕ್ಷ್ಮಮ್ಮ. ನಮ್ಮ ಬಗ್ಗೆ ಅಂತ ಇನ್ನೊಂದು ಪುಟ ಮಾಡಿ ಕರಿಯಮ್ಮನ ಹೆಸ್ರು, ನಿಮ್ ಹೆಸ್ರು ಎಲ್ಲ ಅಲ್ಲಿಡಣ. ಮೊದ್ಲ ಪುಟ ಬಾಗ್ಲಿದ್ದಂಗೆ, ಅಲ್ಲಿ ಮಾತ್ರ ಏನು ಸಿಗುತ್ತೆ, ಎಲ್ಲಿ ಸಿಗುತ್ತೆ ಅಂತಿರ್ಲಿ. ಗಾಣ ನಿಂತೋದ್ರೆ ಆ ಹೆಸ್ರುಗಳ್ನ ಓದೋರ್ಯಾರು?”

ಸುಬ್ಬಲಕ್ಷ್ಮಮ್ಮ ಆಗಲಿ ಎಂದಳು.

ಹೊಸ ಪುಟದ ನೆತ್ತಿಯ ಮೇಲೆ ‘ಮರದ ಗಾಣದ ಕೊಬ್ಬರಿ ಎಣ್ಣೆ, ಚೇಳೂರು, ಗುಬ್ಬಿ ತಾಲ್ಲೂಕು, ತುಮಕೂರು ಜಿಲ್ಲೆ’ ಎಂದು ಬಂತು. ಪ್ರಶ್ನೆಗಳು ಚಿಕ್ಕಮಾರಮ್ಮ ಹೇಳಿದ ಹಾಗೇ ಬಂದವು. ಹಳ್ಳಿಯ ನಿಧಾನದ ನೆಟ್‌ವರ್ಕಿನಲ್ಲೂ ಬೇಗ ತೆರೆದುಕೊಳ್ಳಲೆಂದು ಭಾನುಪ್ರಿಯಾ ಫೋಟೋಗಳ ಗಾತ್ರ ತಗ್ಗಿಸಿ, ಒಂದೊಂದರ ಕೆಳಗೂ ಅದೇನೆಂದು ಬರೆದಳು. ಮ್ಯಾಪಿನಲ್ಲೂ ಗಾಣದ ಜಾಗ ಗುರುತಾಯಿತು. ಇದಕ್ಕೆ ಪೇಟೆಯವರು ಎಸ್‌ಇಒ ಎನ್ನುತ್ತಾರಂತೆ. ಎಂದರೆ ಇಷ್ಟೇ, ಹುಡುಕುವವರ ಕಣ್ಣಿಗೆ ಬೀಳುವ ಹಾಗೆ ಪುಟವನ್ನು ಅಣಿಮಾಡುವುದು.

ಒಂದು ವಾರ ಕಳೆಯಿತು, ಏನೂ ಆಗಲಿಲ್ಲ. ಎರಡು ವಾರ, ಮೂರು ವಾರ. ಚಿಕ್ಕಮಾರಮ್ಮ ದಿನಾ ಗ್ರಂಥಾಲಯಕ್ಕೆ ಬಂದು, ಫೋನಿನಲ್ಲಿ ನಮ್ಮ ಪುಟ ಬಂತಾ ಎಂದು ಕೇಳುವಳು. ಬೀಜ ಹಾಕಿದ ಮಾರನೇ ದಿನವೇ ಮಣ್ಣು ಕೆದಕಿ ನೋಡಬೇಡಿ ಎಂದು ಭಾನುಪ್ರಿಯಾ ಕಳಿಸುವಳು. ದೀಪಾವಳಿಗೆ ಇನ್ನು ಹನ್ನೆರಡು ದಿನವಿತ್ತು.

ನಾಲ್ಕನೇ ವಾರ, ಒಂದು ಮಂಗಳವಾರ, ಗಾಣದ ಸದ್ದಿನ ನಡುವೆ ಅವಳ ಫೋನ್ ಹೊಡೆದುಕೊಂಡಿತು. ಗುರುತಿಲ್ಲದ ನಂಬರು.

“ಅಮ್ಮ, ನಾನು ಕುಣಿಗಲ್ ತಾಲ್ಲೂಕು ಹುತ್ರಿದುರ್ಗದಿಂದ ಹನುಮಂತರಾಜು ಅಂತ. ನಮ್ಮ ಕೊಬ್ಬರಿ ತಂದ್ರೆ ಎಣ್ಣೆ ತೆಗ್ದು ಕೊಡ್ತೀರಾ ಅಂತ ಫೋನಲ್ಲಿ ಕೇಳ್ದೆ. ಕೊಡ್ತೀವಿ, ಹಿಂಡೀನೂ ನಿಮ್ಗೇ ವಾಪಸ್ ಅಂತ ಬಂತು. ನಿಜವಾ? ನಾವು ನಾಲ್ಕು ಮನೆಯೋರು ಸೇರಿ ಗಾಡಿ ಮಾಡ್ಕಂಡು ಬರ್ತೀವಿ.”

ಚಿಕ್ಕಮಾರಮ್ಮ ಗಾಣ ನಿಲ್ಲಿಸಿದಳು. ಎಂದೂ ಕಾಲಿಡದ ಊರಿನಿಂದ ಅವಳದೇ ಮಾತು ತಿರುಗಿ ಬಂದಿತ್ತು.

“ನಿಜ ಕಣಪ್ಪ. ಬರ್ರಿ” ಎಂದಳು.

ಆ ಗಾಡಿಯ ಹಿಂದೆ ಇನ್ನೂ ಮೂರು ಬಂದವು. ಕ್ಯಾತ್ಸಂದ್ರದ ಮಹಡಿ ಮನೆಯಾಕೆಯೂ ಒಂದು ಭಾನುವಾರ ಬಂದು ಎಣ್ಣೆ ಒಯ್ದಳು. ದೀಪಾವಳಿ ಕಳೆದರೂ ಮಳಿಗೆ ಸಂಘದ ಕೈಯಲ್ಲೇ ಉಳಿಯಿತು.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕತಂಗಿಯರೇ, ನಿಮ್ಮ ಸಂಘವೂ ಹಪ್ಪಳವನ್ನೋ ಚಾಪೆಯನ್ನೋ ರಾಗಿ ಹುರಿಹಿಟ್ಟನ್ನೋ ಮಾಡುತ್ತಿರಬಹುದು. ನಿಮಗೂ ಒಂದು ಪುಟ ಇರಬಹುದು. ಇವತ್ತೇ ಅದನ್ನು ತೆರೆದು, ನಿಮ್ಮೂರನ್ನು ಕಾಣದವರ ಕಣ್ಣಿನಿಂದ ಓದಿ ನೋಡಿ. ಏನು ಸಿಗುತ್ತದೆ, ಎಲ್ಲಿ ಸಿಗುತ್ತದೆ ಎಂದು ಮೊದಲ ಸಾಲಿನಲ್ಲೇ ತಿಳಿಯುತ್ತದೆಯೇ? ತಿಳಿಯದಿದ್ದರೆ ನಿಮ್ಮ ಪಂಚಾಯ್ತಿಯಲ್ಲಿ ಕಂಪ್ಯೂಟರ್ ಬಲ್ಲವರನ್ನು ಹುಡುಕಿಕೊಂಡು ಹೋಗಿ. ಹೋಗುವಾಗ ಗಿರಾಕಿಗಳು ನಿಮ್ಮನ್ನು ದಿನಾ ಕೇಳುವ ಪ್ರಶ್ನೆಯನ್ನು, ಅವರದೇ ಮಾತಿನಲ್ಲಿ, ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಅದೇ ಪ್ರಶ್ನೆಯನ್ನು ಈಗ ಯಾರೋ ಎಲ್ಲೋ ಕೂತು ಫೋನಿಗೆ ಕೇಳುತ್ತಿದ್ದಾರೆ, ಉತ್ತರ ಮಾತ್ರ ನಿಮ್ಮ ಹತ್ತಿರ ಇದೆ.