ಎದೆಯ ಮೇಲಿನ ಎರಡಕ್ಷರ

“ನಿಮಗೆ ಯಾವಾಗ ಗೊತ್ತಾಯ್ತು?” ಎನ್ನುತ್ತ ಮರ್ಡೋ ಹಾಲ್ಡೇನ್ ತನ್ನ ಕಪ್ಪು ಕೋಟನ್ನು ಇಸ್ತ್ರಿ ಮೇಜಿನ ಮೇಲೆ ಹರವಿದ.

ಸೆಂಗಾ ಒಣಗಿದ ಕಾಲುಚೀಲಗಳನ್ನು ಜೋಡಿ ಮಾಡುತ್ತಿದ್ದಳು. ಫುಟ್‌ಬಾಲ್ ಆಟ ಶುರುವಾಗಲು ಇನ್ನೊಂದೇ ಗಂಟೆ ಇತ್ತು. ಈ ಹೊತ್ತಿನಲ್ಲಿ ತಂಡವನ್ನು ಆಡಿಸುವ ಮ್ಯಾನೇಜರು ಆಟಗಾರರನ್ನು ಬಿಟ್ಟು ಬಟ್ಟೆ ಒಗೆಯುವ ಕೋಣೆಗೆ ಬಂದನೆಂದರೆ ಯಾರದೋ ಅಂಗಿ ಹರಿದಿರಬೇಕು ಎಂದುಕೊಂಡು ತಲೆಯೆತ್ತಿದವಳು, ಅವನ ಬೆರಳು ಕೋಟಿನ ಎಡ ಎದೆಯ ಮೇಲಿದ್ದುದನ್ನು ನೋಡಿ ಹಾಗೇ ನಿಂತಳು. ಅಲ್ಲಿ ಎಂ, ಎಚ್ ಎಂಬ ಎರಡು ಬಿಳಿ ಅಕ್ಷರಗಳಿರಬೇಕಿತ್ತು. ಗುರುವಾರ ಸಂಜೆಯವರೆಗೆ ಇದ್ದವು. ಈಗ ಸೂಜಿ ಚುಚ್ಚಿದ ಸಣ್ಣ ತೂತುಗಳು ಮಾತ್ರ ಉಳಿದಿದ್ದವು.

“ಏನು ಗೊತ್ತಾಗೋದು?” ಎಂದಳು. ತನಗೇ ತನ್ನ ದನಿ ಸುಳ್ಳಾಗಿ ಕೇಳಿತು.

“ನನ್ನನ್ನ ಕೆಲ್ಸದಿಂದ ಕಳಿಸ್ತಾರೆ ಅನ್ನೋದು. ಕ್ಲಬ್ಬಿನ ಬೋರ್ಡಿನವರಿಗಿಂತ ಮೊದ್ಲು ಸೆಂಗಾಗೆ ಗೊತ್ತಾಗುತ್ತೆ ಅಂತ ಅಂಗಳದ ವಾಟಿ ಹೇಳ್ತಿದ್ದ. ತಮಾಷೆಗೆ ಅಂದ್ಕೊಂಡಿದ್ದೆ.”

“ಯಾರೂ ನಂಗೇನೂ ಹೇಳಿಲ್ಲ ಮಗಾ.”

“ಹೇಳ್ದೇ ಬಿಚ್ಚಿದ್ರಾ?” ಅವನು ನಗಲು ನೋಡಿದ, ಆಗಲಿಲ್ಲ. ಕೋಟಿನ ಒಳಜೇಬಿನಿಂದ ಒಂದು ಲಕೋಟೆ ತೆಗೆದು ತೋರಿಸಿದ. “ರಾಜೀನಾಮೆ ಬೆಳಿಗ್ಗೆನೇ ಬರೆದಿಟ್ಟೆ. ಕತ್ತು ಹಿಡಿದು ತಳ್ಳಿಸಿಕೊಳ್ಳೋ ಬದ್ಲು ನಾನೇ ಹೋಗೋದು ವಾಸಿ. ಆಟ ಮುಗೀಲಿ, ಕೊಡ್ತೀನಿ.” ಲಕೋಟೆಯನ್ನು ಪ್ಯಾಂಟಿನ ಜೇಬಿಗೆ ತುರುಕಿ, ಕೋಟನ್ನು ಅಲ್ಲಿಯೇ ಬಿಟ್ಟು, ಬರಿಯ ಸ್ವೆಟರಿನಲ್ಲಿ ಹೊರಟುಹೋದ. ಹೊರಗೆ ನವೆಂಬರಿನ ಗಾಳಿ ಸಮುದ್ರದ ಕಡೆಯಿಂದ ಮಳೆಯನ್ನು ಅಡ್ಡಡ್ಡ ಹೊಡೆಯುತ್ತಿತ್ತು.

ಇನ್ವರ್‌ಕೆಲ್ಲೋ ಥಿಸಲ್ ಕ್ಲಬ್ಬಿನ ಬಟ್ಟೆಬರೆಯ ಜವಾಬ್ದಾರಿ ಹೊತ್ತು ಸೆಂಗಾಗೆ ಮೂವತ್ತೊಂದು ವರ್ಷ. ಮೊದಲ ಹದಿನೆಂಟು ವರ್ಷ ಒಬ್ಬನೇ ಮ್ಯಾನೇಜರು, ಜಾಕ್ ಪಿಟ್‌ಕೇರ್ನ್. ಗೆದ್ದರೂ ಅವನೇ, ಸೋತರೂ ಅವನೇ. ತಂಡ ಎರಡು ಸಲ ಕೆಳದರ್ಜೆಯ ಲೀಗಿಗೆ ಇಳಿದಾಗಲೂ ಅವನನ್ನು ಬಿಟ್ಟು ಬೇರೊಬ್ಬನನ್ನು ತರಬಹುದು ಎಂದು ಊರಿನಲ್ಲಿ ಯಾರಿಗೂ ಹೊಳೆದಿರಲಿಲ್ಲ. ಅವನ ಮಂಡಿ ಕೈಕೊಟ್ಟು ಮನೆಗೆ ಹೋದ ಮೇಲಿನ ಹದಿಮೂರು ವರ್ಷದಲ್ಲಿ ಹನ್ನೊಂದು ಮಂದಿ ಆಗಿಹೋದರು. ಬಂದ ಪುಟ್ಟ ಹೋದ ಪುಟ್ಟ. ಒಬ್ಬನಂತೂ ಏಳು ವಾರಕ್ಕೆ ಗಂಟುಮೂಟೆ ಕಟ್ಟಿದ. ಅವನ ಹೆಂಡತಿ ಬಾಡಿಗೆ ಮನೆಗೆ ಪರದೆ ಹೊಲಿಸಲು ಕೊಟ್ಟಿದ್ದಳು, ಪರದೆ ಬರುವಷ್ಟರಲ್ಲಿ ಮನೆಯೇ ಖಾಲಿಯಾಗಿತ್ತು. ಕಾರು ನಿಲ್ಲಿಸುವ ಜಾಗದಲ್ಲಿ ಮ್ಯಾನೇಜರ ಹೆಸರು ಬರೆಯುವುದನ್ನು ವಾಟಿ ಎಂದೋ ಕೈಬಿಟ್ಟಿದ್ದ. “ಬಣ್ಣ ಒಣಗೋವರೆಗಾದ್ರೂ ಇರ್ಬೇಕಲ್ಲ” ಎನ್ನುತ್ತಿದ್ದ.

ಬದಲಾಗದೆ ಉಳಿದದ್ದು ಆ ಕೋಟು ಒಂದೇ. ಮೊಣಕಾಲು ಮುಚ್ಚುವಷ್ಟು ಉದ್ದದ, ಹತ್ತಿ ತುಂಬಿದ ದಪ್ಪ ಕೋಟು. ಹೊಸಬ ಬಂದಾಗಲೆಲ್ಲ ಹೊಸದನ್ನು ಕೊಳ್ಳುವುದು ದಂಡ ಎಂದು ಎಂಥವನಿಗೂ ಹಿಡಿಯುವ ಅಳತೆಯದನ್ನು ತಂದಿದ್ದರು. ಎದೆಯ ಮೇಲಿನ ಅಕ್ಷರಗಳನ್ನು ಬಿಚ್ಚುವುದು, ಹೊಸಬನದನ್ನು ಹೊಲಿಯುವುದು ಸೆಂಗಾಳ ಕೆಲಸ. ಮೊದಲಿನ ಇಬ್ಬರ ಅಕ್ಷರ ಬಿಚ್ಚುವಾಗ ಅತ್ತಿದ್ದಳು. ಮೂರನೆಯವನ ಹೊತ್ತಿಗೆ ಬುದ್ಧಿ ಬಂತು. ಸರಪಳಿ ಹೊಲಿಗೆ ಹಾಕತೊಡಗಿದಳು. ತುದಿಯ ಗಂಟು ಕತ್ತರಿಸಿ ಒಮ್ಮೆ ಎಳೆದರೆ ಇಡೀ ಅಕ್ಷರ ಸರ್ರನೆ ಬಿಚ್ಚಿಕೊಂಡು ಬರುತ್ತಿತ್ತು. ಕಣ್ಣೀರಿಗೂ ಪುರುಸೊತ್ತಿಲ್ಲ.

ಬಿಚ್ಚುವ ಹೊತ್ತು ಯಾವುದೆಂದು ತಿಳಿಯಲು ಅವಳಿಗೆ ಜೋಯಿಸರು ಬೇಕಿರಲಿಲ್ಲ. ತಂಡ ಸೋಲುತ್ತ ಹೋಗುತ್ತದೆ. ಒಂದು ದಿನ ಬೋರ್ಡು “ಮ್ಯಾನೇಜರ ಮೇಲೆ ನಮಗೆ ಪೂರ್ಣ ವಿಶ್ವಾಸವಿದೆ” ಎಂದು ಪ್ರಕಟಣೆ ಹೊರಡಿಸುತ್ತದೆ. ಹತ್ತು ದಿನದೊಳಗೆ ಮ್ಯಾನೇಜರು ಮನೆಯಲ್ಲಿರುತ್ತಾನೆ. ಹನ್ನೊಂದು ಮಂದಿಯಲ್ಲಿ ಒಂಬತ್ತು ಮಂದಿಗೆ ಹೀಗೇ ಆಗಿತ್ತು. ಪ್ರಕಟಣೆ ಬಂದ ದಿನ ಮಾಂಸ ತುಂಬಿದ ಪೈ ಮಾರುವ ಅಂಗಡಿಯವಳು ಮ್ಯಾನೇಜರಿಗೆ ಪುಕ್ಕಟೆ ಪೈ ಕೊಡುವುದೂ ಊರ ಪದ್ಧತಿಯಾಗಿಬಿಟ್ಟಿತ್ತು, ಸಾವಿನ ಮನೆಗೆ ಅಡುಗೆ ಕಳಿಸುವ ಹಾಗೆ.

ಗುರುವಾರ ಸಂಜೆ ಅಂಗಳ ನೋಡಿಕೊಳ್ಳುವ ವಾಟಿ ಚಹಾ ಕುಡಿಯಲು ಬಂದವನು ಫೋನು ನೋಡಿ ಸಿಳ್ಳೆ ಹಾಕಿದ್ದ. “ಕೇಳಿಲ್ಲಿ. ‘ಮರ್ಡೋ ಹಾಲ್ಡೇನ್ ಅವರ ಮೇಲೆ ಕ್ಲಬ್ಬಿಗೆ ಪೂರ್ಣ ವಿಶ್ವಾಸವಿದೆ.’ ಮುಗೀತು ಕಥೆ. ಕುಣೀಲಾರದವಳು ನೆಲ ಡೊಂಕು ಅಂದ್ಳಂತೆ. ನಮ್ಮೋರು ವಾಸಿ, ನನ್ನ ನೆಲಾನ ಬಿಟ್ಟು ಮ್ಯಾನೇಜರೇ ಡೊಂಕು ಅಂತಾರೆ.” ಆರು ಆಟ ಸತತ ಸೋತಿದ್ದರು. ಸೆಂಗಾ ಮಾತಾಡದೆ ಕತ್ತರಿ ತೆಗೆದುಕೊಂಡಳು. ಮಾತಾಡಿದ್ದರೆ ಕೈ ತಡೆಯುತ್ತಿತ್ತೋ ಏನೋ. ದಾರ ಸರ್ರನೆ ಬಂತು.

ಈಗ ಆ ಬೋಳು ಎದೆಯ ಕೋಟಿನ ಸೂಜಿತೂತುಗಳ ಮೇಲೆ ಅವಳು ಬೆರಳಾಡಿಸಿದಳು. ಮರ್ಡೋನೂ ಸೇರಿ ಹನ್ನೆರಡು ಮಂದಿಯಲ್ಲಿ ಕೆಸರಿನ ಬಟ್ಟೆಯನ್ನು ತಾನೇ ಹೊತ್ತು ತಂದು ಕೊಡುತ್ತಿದ್ದವನು ಇವನೊಬ್ಬ. ಕಳೆದ ವಸಂತದಲ್ಲಿ ಅವಳ ಸೊಂಟದ ಆಪರೇಷನ್ ಆದಾಗ ಆರು ವಾರ ಜರ್ಸಿಗಳನ್ನು ಮಡಿಸಿಟ್ಟವನೂ ಇವನೇ. ಮಡಿಸಿದ್ದೆಲ್ಲ ತಪ್ಪು, ತೋಳು ಒಂದು ಕಡೆ ಕೊರಳು ಒಂದು ಕಡೆ. ಅವಳು ಬಂದ ಮೇಲೆ ಎಲ್ಲವನ್ನೂ ಬಿಚ್ಚಿ ಮತ್ತೆ ಮಡಿಸಿದ್ದಳು, ಅವನಿಗೆ ಹೇಳಿರಲಿಲ್ಲ.

ಅವಳು ಕಾಲುಚೀಲಗಳನ್ನು ಬುಟ್ಟಿಗೆ ಸುರಿದು, ಕುಂಟುತ್ತ ಮೆಟ್ಟಿಲು ಹತ್ತಿ ಅಧ್ಯಕ್ಷರ ಕೋಣೆಯ ಬಾಗಿಲು ತಟ್ಟಿದಳು. ಮಿಸೆಸ್ ಗೆಡ್ಡೆಸ್ ಬೇಸಿಗೆಯಲ್ಲಿ ಅಧ್ಯಕ್ಷೆಯಾದವರು. ಬಂದರಿನ ಬಳಿ ಮೀನನ್ನು ಹೊಗೆಗೆ ಇಟ್ಟು ಮಾರುವ ವ್ಯಾಪಾರ ಅವರದು. ಫುಟ್‌ಬಾಲಿನ ಲೋಕಕ್ಕೆ ಹೊಸಬರು.

“ಒಂದು ಮಾತು ಕೇಳ್ತೀನಿ, ನೇರವಾಗಿ ಹೇಳ್ಬೇಕು. ಮರ್ಡೋನ ತೆಗೀತೀರಾ?”

“ತೆಗೆಯೋದೇ?” ಆಕೆ ಕನ್ನಡಕ ಕಳಚಿದರು. “ಗುರುವಾರ ತಾನೇ ಬರೆದು ಹಾಕಿದೆನಲ್ಲ, ಪೂರ್ಣ ವಿಶ್ವಾಸ ಇದೆ ಅಂತ. ಜನ ಏನೇನೋ ಆಡಿಕೋತಿದ್ರು, ಬಾಯಿ ಮುಚ್ಚಿಸೋಣ ಅಂತ ನಾನೇ ಕೂತು ಬರೆದೆ.”

“ಹಂಗೆ ಬರೆದ್ರೆ ತೆಗೀತಾರೆ ಅಂತ ಅರ್ಥ.”

“ಯಾರು ಹೇಳಿದ್ದು?”

“ಯಾರೂ ಹೇಳ್ಬೇಕಾಗಿಲ್ಲ. ಎಲ್ಲರಿಗೂ ಗೊತ್ತಿರೋದೇ.”

ಮಿಸೆಸ್ ಗೆಡ್ಡೆಸ್ ಕನ್ನಡಕವನ್ನು ಮೇಜಿನ ಮೇಲಿಟ್ಟರು. “ಅದಕ್ಕೇ ಏನು, ನಿನ್ನೆಯಿಂದ ಎಲ್ಲರೂ ನನ್ನನ್ನ ಕಟುಕಳ ಹಾಗೆ ನೋಡ್ತಿರೋದು! ಹಾಗಾದ್ರೆ ನಿಜವಾಗ್ಲೂ ವಿಶ್ವಾಸ ಇದ್ರೆ ಏನು ಬರೀಬೇಕಮ್ಮ?”

“ಏನೂ ಬರೀಬಾರ್ದು” ಎಂದಳು ಸೆಂಗಾ.

ಕೆಳಗಿಳಿಯುವಾಗ ಮೊದಲು ಹಗುರವೆನಿಸಿತು, ಕೊನೆಯ ಮೆಟ್ಟಿಲಿಗೆ ಬರುವಷ್ಟರಲ್ಲಿ ಇನ್ನೂ ಭಾರವಾಯಿತು. ಹಾಗಾದರೆ ಅವನನ್ನು ತೆಗೆದದ್ದು ಬೋರ್ಡಲ್ಲ, ತಾನೇ. ಆಟಗಾರರು ಆಗಲೇ ಅಂಗಳಕ್ಕೆ ಇಳಿಯುತ್ತಿದ್ದರು. ಮರ್ಡೋ ಅವರ ಹಿಂದೆ ಮಳೆಗೆ ನಡೆದುಹೋದ. ಕೂಗಿ ಹೇಳುವ ಮಾತೂ ಅದಲ್ಲ. ಅವಳು ಕೋಣೆಗೆ ಹೋಗಿ ಕೋಟನ್ನು ತೊಡೆಯ ಮೇಲೆ ಎಳೆದುಕೊಂಡು ಸೂಜಿಗೆ ಬಿಳಿ ದಾರ ಪೋಣಿಸಿದಳು.

ಈ ಸಲ ಸರಪಳಿ ಹೊಲಿಗೆ ಹಾಕಲಿಲ್ಲ. ಪಿಟ್‌ಕೇರ್ನ್‌ನ ಕಾಲದಲ್ಲಿ ಹಾಕುತ್ತಿದ್ದ ಹೊಲಿಗೆ, ಪ್ರತಿ ಸಲವೂ ಸೂಜಿ ಅರ್ಧ ಹಿಂದೆ ಬಂದು ಮತ್ತೆ ಮುಂದೆ ಹೋಗುವಂಥದು. ಬಿಚ್ಚಬೇಕಾದರೆ ಬಟ್ಟೆಯನ್ನೇ ಹರಿಯಬೇಕು. ಅದು ನಿಧಾನದ ಕೆಲಸ. ಬೆರಳುಗಳಿಗೂ ಮರೆತುಹೋಗಿತ್ತು. ಗೋಡೆಯಾಚೆ ಜನ ಒಮ್ಮೆ ಹೋ ಎಂದರು, ಆಮೇಲೆ ನಿಟ್ಟುಸಿರಿಟ್ಟರು. ಮಧ್ಯಂತರದ ಸೀಟಿ ಊದಿದಾಗ ಮುಗಿದದ್ದು ಒಂದೇ ಅಕ್ಷರ.

ಅವಳು ಕೋಟನ್ನು ಎತ್ತಿಕೊಂಡು ಓಣಿಯಲ್ಲಿ ಅವನಿಗೆ ಅಡ್ಡ ನಿಂತಳು. ಸ್ವೆಟರು ನೆನೆದು ಮೈಗಂಟಿಕೊಂಡಿತ್ತು, ತುಟಿ ನೀಲಿಯಾಗಿತ್ತು.

“ತಪ್ಪು ನಂದು. ಆ ಯಮ್ಮ ಬರೆದಿದ್ದು ಅಕ್ಷರಶಃ ನಿಜವಂತೆ. ನಿನ್ನನ್ನ ಯಾರೂ ತೆಗೀತಿಲ್ಲ. ಅಭ್ಯಾಸಬಲ ನೋಡು, ಪ್ರಕಟಣೆ ಅಂದ ಕೂಡ್ಲೇ ಕೈ ಕತ್ತರಿಗೆ ಹೋಯ್ತು.”

ಅವನಿಗೆ ಸಮಾಧಾನವಾಗುತ್ತದೆಂದು ಅವಳು ಎಣಿಸಿದ್ದಳು. ಅವನು ಗೋಡೆಗೆ ಒರಗಿದ.

“ಬೋರ್ಡಿನವ್ರು ತೆಗೀತಾರೆ, ಅದು ಅವ್ರ ಕೆಲ್ಸ, ತಡ್ಕೋತಿದ್ದೆ. ಆದ್ರೆ ನೀವು... ನಾನಿರೋವಾಗ್ಲೇ ನೀವು ನನ್ನನ್ನ ಕಳಿಸಿಬಿಟ್ಟಿದ್ರಿ, ಅಲ್ವಾ ಸೆಂಗಾ? ಮೊದಲ್ನೇ ದಿನಾನೇ. ಎಳೆದ್ರೆ ಬರೋ ಹಾಗೆ ಹೊಲಿದಿದ್ರಿ ಅಂತಾನೂ ವಾಟಿ ಹೇಳಿದ.”

ವಾಟಿಯ ನಾಲಿಗೆಯನ್ನೂ ಹೊಲಿದುಬಿಡಬೇಕು ಎನಿಸಿತು. ಆದರೆ ಅವನು ಹೇಳಿದ್ದು ನಿಜ. “ಹೂಂ” ಎಂದಳು. “ಹನ್ನೊಂದು ಜನಾನ ಕಳಿಸಿದೀನಿ ಮಗಾ. ನಂಗೂ ಒಂದೇ ಎದೆ ಇರೋದು.”

ಅವನು ಗೋಡೆ ಬಿಟ್ಟು ನೇರ ನಿಂತ. ಕೋಟನ್ನು ತೆಗೆದುಕೊಂಡು ತೋಳಿಗೆ ಕೈ ತೂರಿಸಿದ. ಎದೆಯ ಮೇಲೆ ‘ಎಂ’ ಒಂದೇ ಇತ್ತು, ಅದರ ಬಾಲಕ್ಕೆ ಒಂದು ಗೇಣು ದಾರ, ದಾರದ ತುದಿಯಲ್ಲಿ ಸೂಜಿ.

“ಸೂಜಿ, ಜೋಪಾನ” ಎಂದಳು. ಅವನು ಅದನ್ನು ಬಟ್ಟೆಗೆ ಅಡ್ಡ ಚುಚ್ಚಿಕೊಂಡು ಆಟಗಾರರ ಕೋಣೆಗೆ ಹೋದ.

ಆ ದಿನವೂ ಸೋತರು. ಒಂದು ಗೋಲು, ಅದೂ ಕೊನೆಯ ಹತ್ತು ನಿಮಿಷವಿದ್ದಾಗ. ಬೈಯುವ ಜನ ಬೈದುಕೊಂಡು ಹೋದರು, ಉಳಿದವರು ಬಿಸಿ ಬೋವ್ರಿಲ್ ಸಾರು ಕುಡಿದು ಹೋದರು. ಐದು ಗಂಟೆಯ ಕತ್ತಲೆಯಲ್ಲಿ ವಾಟಿ ಅಂಗಳದ ಗಾಯಗಳಿಗೆ ಮರಳು ತುಂಬುತ್ತಿದ್ದಾಗ ಮರ್ಡೋ ಕೋಟು ಹೊತ್ತು ಬಂದ. ನೀರು ಕುಡಿದು ಅದು ಕುರಿಯಷ್ಟು ಭಾರವಾಗಿತ್ತು. ಇಸ್ತ್ರಿ ಮೇಜಿನ ಮೇಲೆ ಇಟ್ಟ.

“ಇನ್ನೊಂದು ಅಕ್ಷರ ಬಾಕಿ ಇದೆ.”

“ಗೊತ್ತು.”

ಅವನು ಹೋಗಲಿಲ್ಲ. ಬಾಗಿಲ ಚೌಕಟ್ಟಿನ ಸುಲಿದ ಬಣ್ಣವನ್ನು ಉಗುರಿನಿಂದ ಕೀಳುತ್ತ ನಿಂತ. “ಒಗೆಯೋ ಮುಂಚೆ ಜೇಬು ನೋಡ್ತೀರಲ್ಲ ನೀವು, ಯಾವಾಗ್ಲೂ?”

“ಮೂವತ್ತೊಂದು ವರ್ಷದಲ್ಲಿ ಒಂದ್ಸಲಾನೂ ತಪ್ಪಿಲ್ಲ. ಸಿಕ್ಕಿದ್ದನ್ನ ನಿನ್ನ ಮೇಜಿನ ಮೇಲೆ ಇಡಲ್ವಾ?”

“ಇಡ್ತೀರಿ” ಎಂದ ಅವನು. “ಈ ಸಲ ನನ್ನ ಮೇಜಿನ ಮೇಲಿಟ್ರೂ ಸರಿ, ಮೇಲ್ಗಡೆ ಅವ್ರ ಮೇಜಿನ ಮೇಲಿಟ್ರೂ ಸರಿ. ಬರ್ತೀನಿ ಸೆಂಗಾ.” ಅವನ ಕಾರು ಹೋದ ಸದ್ದು ಕೇಳಿಸಿತು.

ಸೆಂಗಾ ದೀಪದ ಕೆಳಗೆ ಕುಳಿತು ‘ಎಚ್’ ಹೊಲಿಯತೊಡಗಿದಳು. ಒದ್ದೆ ಬಟ್ಟೆಯಲ್ಲಿ ಸೂಜಿ ಇಳಿಯುವುದು ಕಷ್ಟ. ಒಮ್ಮೆ ಬೆರಳಿಗೆ ಚುಚ್ಚಿಕೊಂಡಳು. ಎಡಗೈ ಕೋಟಿನ ಒಳಗೆ ಆನಿಸಿಕೊಂಡಿದ್ದರಿಂದ, ಒಂದೊಂದು ಹೊಲಿಗೆಗೂ ಅವನು ಮತ್ತೆ ಒಳಜೇಬಿಗೆ ಸೇರಿಸಿದ್ದ ಲಕೋಟೆ ಅಂಗೈಗೆ ತಾಗುತ್ತಿತ್ತು. ಒಳಗೆ ಎರಡು ಮಡಿಕೆಯ ಕಾಗದ. ಬೇಕೆಂದರೆ ಇವನು ಇನ್ನೊಂದು ಬರೆಯಬಲ್ಲ, ಕೈಗೆ ಏನಾಗಿದೆ? ಮುಂದಿನ ಶನಿವಾರವೂ ಸೋತರೆ ಮಿಸೆಸ್ ಗೆಡ್ಡೆಸ್ಸರ ವಿಶ್ವಾಸಕ್ಕೂ ಬಿಸಿಲು ತಾಗೀತು. ಇದನ್ನೆಲ್ಲ ಅವಳು ಬಲ್ಲಳು. ಕೊನೆಯ ಗಂಟನ್ನು ಎರಡು ಸಲ ಹಾಕಿ, ಹಲ್ಲಿನಿಂದ ದಾರ ಕಡಿದಳು.

ಆಮೇಲೆ ಎದ್ದು, ಕೋಟನ್ನು ಹಾಗೇ ಸುತ್ತಿ ಯಂತ್ರದೊಳಗೆ ಹಾಕಿ, ಬಾಗಿಲು ಮುಚ್ಚಿ ಗುಂಡಿ ಒತ್ತಿದಳು.

ವಾಟಿ ಕೈತೊಳೆಯಲು ಬಂದವನು ಯಂತ್ರದ ಗಾಜಿನ ಮುಂದೆ ಬಗ್ಗಿ ನೋಡಿದ. “ಏಯ್, ಜೇಬಲ್ಲಿ ಏನೋ ಬಿಟ್ಟಿದೀಯಲ್ಲೇ! ಬರೀ ಕಾಗದದ ಚೂರು.”

“ವಯಸ್ಸಾಯ್ತು” ಎಂದಳು ಸೆಂಗಾ. “ಮರಳು ತುಳಿದು ಬಂದು ನನ್ನ ನೆಲ ಹಾಳು ಮಾಡ್ಬೇಡ, ಆಚೆ ನಡಿ.”

ಸೋಮವಾರ ಬೆಳಿಗ್ಗೆ ಒಂಬತ್ತಾದರೂ ಅವನ ಕಾರು ಬರಲಿಲ್ಲ. ಸೆಂಗಾ ಮೂರು ಸಲ ಕಿಟಕಿಗೆ ಹೋಗಿ ಬಂದಳು, ಮೂರು ಸಲವೂ ಗಾಜು ಒರೆಸಲು ಹೋದವಳಂತೆ. ಒಂಬತ್ತೂಕಾಲಿಗೆ ಮರ್ಡೋ ಬಾಗಿಲಲ್ಲಿ ಕಾಣಿಸಿಕೊಂಡ. ಗೂಟಕ್ಕೆ ನೇತುಹಾಕಿದ್ದ ಕೋಟನ್ನು ತೆಗೆದ. ಎರಡು ಅಕ್ಷರಗಳ ಮೇಲೆ ಹೆಬ್ಬೆರಳು ಆಡಿಸಿದ. ‘ಎಚ್’ನ ತುದಿಯನ್ನು ಉಗುರಿನಿಂದ ಎಬ್ಬಿಸಲು ನೋಡಿದ, ಏಳಲಿಲ್ಲ. ಆಮೇಲೆ ಒಳಜೇಬಿಗೆ ಕೈ ಹಾಕಿದ. ಬೆರಳ ತುದಿಗೆ ಒಣಗಿ ಗಟ್ಟಿಯಾದ ಬಿಳಿಯ ಉಂಡೆಯೊಂದು ಬಂತು. ಅದನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದ.

ಸೆಂಗಾ ಅವನಿಗೆ ಬೆನ್ನು ಹಾಕಿ ಕಾಲುಚೀಲ ಜೋಡಿಸುತ್ತಿದ್ದಳು. ಯಾವುದಕ್ಕೂ ಜೋಡಿ ಸಿಗುತ್ತಿರಲಿಲ್ಲ.

“ಚಹಾ ಇದೆಯಾ?” ಎಂದ ಅವನು. ಉಂಡೆ ಕಸದ ಡಬ್ಬಿಗೆ ಬಿದ್ದ ಸದ್ದಾಯಿತು.

ಕುಡಿದು ಮುಗಿಸಿ, ಕೋಟು ತೊಟ್ಟು, ಅವನು ಅಂಗಳದ ಕಡೆಗೆ ನಡೆದ. ಬೆನ್ನ ಮೇಲೆ ಕಾಗದದ ಸಣ್ಣ ಬಿಳಿ ಚೂರುಗಳು ಇನ್ನೂ ಅಂಟಿಕೊಂಡಿದ್ದವು. ಕರೆದು ಒರೆಸೋಣವೆಂದು ಸೆಂಗಾ ಬಟ್ಟೆ ಉಜ್ಜುವ ಬ್ರಷ್ಷು ಕೈಗೆತ್ತಿಕೊಂಡವಳು, ಅವನು ಆಟಗಾರರ ನಡುವೆ ಸೇರುವವರೆಗೂ ಬಾಗಿಲಲ್ಲೇ ನಿಂತಿದ್ದಳು.