ಮೊಂಟಾ ಹಡೆದ ಬೆಳಗ್ಗೆ

ಮೊಂಟಾ ಒಂದು ಹಸಿರು ಹುಳ. ಮೂರನೇ ತರಗತಿಯ ಇಪ್ಪತ್ತೊಂದು ಮಕ್ಕಳ ಪಾಲಿಗೆ ಅದು ಇಪ್ಪತ್ತೆರಡನೆಯ ಸಹಪಾಠಿ, ಅವರ ಟೀಚರಾದ ನನ್ನ ಪಾಲಿಗೆ ಹದಿನಾರು ಪುಟಗಳ ಪಾಠಯೋಜನೆ.

ಗುರುವಾರ ಮೂರನೇ ಪಿರಿಯಡ್ಡಿನಲ್ಲಿ ನನ್ನ ಬಹಿರಂಗ ಪಾಠವಿತ್ತು. ಸುತ್ತಲಿನ ಶಾಲೆಗಳಿಂದ ಹನ್ನೆರಡು ಜನ ಶಿಕ್ಷಕರು ಬಂದು ಹಿಂದಿನ ಗೋಡೆಯ ಬಳಿ ನಿಂತು ನೋಡುತ್ತಾರೆ, ಬರೆದುಕೊಳ್ಳುತ್ತಾರೆ, ಮಧ್ಯಾಹ್ನ ಒಟ್ಟಿಗೆ ಕೂತು ನಮ್ಮನ್ನು ಎಳೆಎಳೆಯಾಗಿ ಬಿಡಿಸುತ್ತಾರೆ. ಕಳೆದ ವರ್ಷದ ನನ್ನ ಪಾಠದ ಬಗ್ಗೆ ಇವತ್ತಿಗೂ ಯಾರೂ ನನ್ನೆದುರು ಮಾತಾಡುವುದಿಲ್ಲ. ಈ ಸಲ ಹಾಗಾಗಬಾರದಿತ್ತು.

ನಮ್ಮದು ಕೋಸಿನ ಊರು. ಅಸಾಮಾ ಬೆಟ್ಟದ ಇಳಿಜಾರೆಲ್ಲ ಕೋಸು. ನನ್ನ ತರಗತಿಯ ಮಿನೋರಿಯ ತಾತ ಔಷಧಿ ಹೊಡೆಯದ ಎಲೆಗಳನ್ನು ತಂದುಕೊಡುವಾಗಲೆಲ್ಲ ಒಂದೇ ಮಾತು ಹೇಳುತ್ತಿದ್ದರು: “ನಾನು ವರ್ಷವೆಲ್ಲ ಕೊಲ್ಲೋ ಹುಳಕ್ಕೆ ನೀವು ಹೆಸರಿಟ್ಟು ಸಾಕ್ತಿದೀರಿ. ಇರ್ಲಿ ಬಿಡಿ ಟೀಚರಮ್ಮ, ತಿನ್ಲಿ.” ನಾವು ತಂದಿಟ್ಟ ಚಿಟ್ಟೆಯ ಮೊಟ್ಟೆಗಳೆಲ್ಲ ಒಣಗಿಹೋಗಿದ್ದವು. ಆಮೇಲೆ ಶಾಲೆಯ ಪಾತಿಯಲ್ಲಿ ಸಿಕ್ಕಿದ ಉಗುರುದ್ದದ ಹುಳವೇ ಮೊಂಟಾ. ಮಿನೋರಿ ಅದರ ಸ್ವಯಂಘೋಷಿತ ಪೋಷಕಿ. ಅವಳ ಅಪ್ಪಣೆಯಿಲ್ಲದೆ ಡಬ್ಬಿಯ ಮುಚ್ಚಳ ತೆಗೆಯುವ ಧೈರ್ಯ ನನಗೂ ಇರಲಿಲ್ಲ.

ಬುಧವಾರ ಸಂಜೆ ಮೊಂಟಾ ತಿನ್ನುವುದನ್ನು ಬಿಟ್ಟು ಡಬ್ಬಿಯ ಗೋಡೆ ಹತ್ತಿತು. ಕೋಶವಾಗುವ ಹುಳ ಮಾಡುವುದೇ ಹಾಗೆ. ನನ್ನ ಯೋಜನೆಯಲ್ಲಿ ಗುರುವಾರಕ್ಕೆ ಕೋಶ ಎಂದೇ ಅಚ್ಚಾಗಿತ್ತು. ನಾನು ನೆಮ್ಮದಿಯಾಗಿ ಮಲಗಿದೆ.

ಬೆಳಗ್ಗೆ ತರಗತಿಗೆ ಬಂದರೆ ಮಕ್ಕಳೆಲ್ಲ ಡಬ್ಬಿಯ ಸುತ್ತ ಮುತ್ತಿದ್ದರು. ಮೊಂಟಾ ಹುಳವಾಗಿಯೇ ಇತ್ತು, ತುಸು ಸೊರಗಿತ್ತು. ಅದರ ಹೊಟ್ಟೆಯಡಿ ಅಕ್ಕಿಕಾಳಿಗಿಂತ ಸಣ್ಣ ಹಳದಿ ಕಾಳುಗಳ ರಾಶಿ. ಮೊಂಟಾ ಹಡೆದಿದೆ ಎಂದು ಮಿನೋರಿ ಸಾರಿಯಾಗಿತ್ತು.

“ಮೊಂಟಾ ಗಂಡಲ್ವಾ?” ಎಂದ ಕೋಶಿರೋ.

“ನಿನ್ನೆವರೆಗೂ ಗಂಡು. ಈಗ ಅಮ್ಮ,” ಎಂದಳು ಮಿನೋರಿ.

ಡಬ್ಬಿಯ ಮೇಲೆ ಅಭಿನಂದನೆಯ ಕಾಗದ ಅಂಟಿತ್ತು, ಇಪ್ಪತ್ತೊಂದು ಹೆಸರುಗಳ ಸಮೇತ.

ಅದೇನೆಂದು ನನಗೆ ಗೊತ್ತಿತ್ತು. ಮೊಂಟಾ ಪಾತಿಯಲ್ಲಿದ್ದಾಗಲೇ ಇರುವೆಗಿಂತ ಚಿಕ್ಕದಾದ ಕಪ್ಪು ಕಣಜವೊಂದು ಅದರ ಮೈಯೊಳಗೆ ಮೊಟ್ಟೆ ಚುಚ್ಚಿತ್ತು. ಮರಿಗಳು ಒಳಗೇ ತಿಂದು ಬೆಳೆದು, ರಾತ್ರಿ ಹೊರಬಂದು ಗೂಡು ಕಟ್ಟಿಕೊಂಡಿದ್ದವು. ಮೊಂಟಾ ಇನ್ನು ಒಂದು ದಿನ ಬದುಕಿದರೆ ಹೆಚ್ಚು.

ಪಕ್ಕದ ತರಗತಿಯ ಹನಿಶಿ ಮೇಷ್ಟ್ರು ಮೂವತ್ತು ವರ್ಷ ಪಾಠ ಮಾಡಿದವರು. ಡಬ್ಬಿ ನೋಡಿದವರೇ ತಮ್ಮ ತರಗತಿಯಿಂದ ಒಂದು ಕೋಶವನ್ನು ಎಲೆಯ ಸಮೇತ ತಂದು ನನ್ನ ಅಂಗೈಯಲ್ಲಿಟ್ಟರು. “ತಗೋಮ್ಮ. ಹುಳದ ಮುಖ ಯಾರಿಗೆ ಗುರುತು?” ಮಕ್ಕಳು ಆಗ ಪ್ರಾರ್ಥನೆಗೆ ಹೋಗಿದ್ದರು. ಅದಲುಬದಲು ಮಾಡಲು ಅರ್ಧ ನಿಮಿಷ ಸಾಕಿತ್ತು. ಆದರೆ ಮುಚ್ಚಳ ತೆಗೆಯಬೇಕಾದರೆ ಆ ಕಾಗದವನ್ನು ಕೀಳಬೇಕು. ಅದರ ಮೇಲಿನ ಹೆಸರುಗಳನ್ನು ಒಂದೊಂದಾಗಿ ಓದಿದೆ, ಹೋಗಿ ಕೋಶವನ್ನು ಹಿಂದಿರುಗಿಸಿ ಬಂದೆ.

ಮೂರನೇ ಪಿರಿಯಡ್ಡು. ಮೊಂಟಾಗೆ ಏನಾಯಿತು ಎಂದು ಕೇಳಿದೆ. ಕೋಶಿರೋ ಹೇಳಿದ್ದನ್ನು ಬೋರ್ಡಿನ ಮೇಲೆ ಬರೆದೆ: ಮೊಂಟಾ ಮೊಟ್ಟೆ ಇಟ್ಟಿತು. ಬರೆದ ಕೂಡಲೆ ಕೈ ತಾನಾಗಿ ಡಸ್ಟರಿನತ್ತ ಹೋಯಿತು. ನಮ್ಮಲ್ಲಿ ಪಾಠ ಮುಗಿಯುವ ತನಕ ಬೋರ್ಡಿನಿಂದ ಒಂದಕ್ಷರ ಒರೆಸುವ ಹಾಗಿಲ್ಲ. ಮಕ್ಕಳು ನಡೆದ ದಾರಿಯೆಲ್ಲ ಅಲ್ಲಿ ಕಾಣಬೇಕು, ತಪ್ಪಿದ್ದೂ ಸೇರಿ. ಹಿಂದೆ ಹನ್ನೆರಡು ಪೆನ್ನುಗಳು ಕಾಯುತ್ತಿದ್ದವು. ಡಸ್ಟರನ್ನು ಬಿಟ್ಟು, ನಾವು ಕಲಿತದ್ದರಲ್ಲಿ ಮೊಟ್ಟೆ ಇಡುವುದು ಯಾರು ಎಂದು ಕೇಳಿದೆ. ಚಿಟ್ಟೆ ಎಂದರು. ಹುಳ ಇಡುತ್ತದೆಯೇ? ಮೊಂಟಾ ಎಲ್ಲರ ಹಾಗಲ್ಲ ಎಂದು ಯಾರೋ ಸಣ್ಣಗೆ ಹೇಳಿದರು.

ಡಬ್ಬಿಯನ್ನೂ ಭೂತಗನ್ನಡಿಯನ್ನೂ ಸಾಲಿನಲ್ಲಿ ದಾಟಿಸಿದೆವು. ಮಿನೋರಿ ತನ್ನ ಸರದಿ ಬಂದಾಗ ಕೊಡಲೊಲ್ಲದೆ ಬಹಳ ಹೊತ್ತು ನೋಡಿದಳು.

“ಟೀಚರ್, ಇದಕ್ಕೆ ನೂಲಿದೆ. ಅಜ್ಜಿ ತವರಲ್ಲಿ ರೇಷ್ಮೆಗೂಡು ನೋಡಿದೀನಿ, ಹಿಂಗೇ ಇರುತ್ತೆ. ಮೊಟ್ಟೆಗೆ ನೂಲಿರಲ್ಲ.”

“ಗೂಡಾದ್ರೆ ಕಟ್ಟಿದ್ಯಾರು?” ಎಂದ ಕೋಶಿರೋ.

“ಒಳಗಿರೋರು.”

“ಅವರು ಬಂದಿದ್ದೆಲ್ಲಿಂದ?”

ಮಿನೋರಿ ಡಬ್ಬಿಯನ್ನು ತಿರುಗಿಸಿದಳು. ಮೊಂಟಾನ ಪಕ್ಕೆಗಳಲ್ಲಿ ಸೂಜಿ ಚುಚ್ಚಿದಂಥ ಕಪ್ಪು ಚುಕ್ಕೆಗಳಿದ್ದವು. ಅವಳು ಭೂತಗನ್ನಡಿಯನ್ನು ಮೇಜಿನ ಮೇಲಿಟ್ಟಳು. “ಮೊಂಟಾನ ಒಳಗಿಂದ. ತಿಂದ್ಬಿಟ್ಟಿದಾರೆ, ಅಲ್ವಾ ಟೀಚರ್?”

ಹೌದೆಂದೆ. ಕಣಜದ ವಿಷಯ ಹೇಳಿದೆ. ಮುಂದಿನ ಸಾಲಿನಲ್ಲಿ ಇಬ್ಬರು ಅತ್ತರು. ಕೋಶಿರೋ ಮಾತ್ರ ಡಬ್ಬಿಯನ್ನು ಎಳೆದುಕೊಂಡು ಎಣಿಸುತ್ತಿದ್ದ. “ಮೂವತ್ತೆರಡು. ಅಂದ್ರೆ ನಾವು ಒಂದನ್ನ ಸಾಕ್ತಿದೀವಿ ಅಂದ್ಕೊಂಡು ಮೂವತ್ತಮೂರನ್ನ ಸಾಕಿದೀವಿ.”

“ನಾನು ಸಾಕಿದ್ದು ಮೊಂಟಾನ,” ಎಂದಳು ಮಿನೋರಿ.

ಗಂಟೆ ಹೊಡೆಯುವ ಹೊತ್ತಿಗೆ ಬೋರ್ಡಿನ ಎಡತುದಿಯ ಮೊಟ್ಟೆಯಿಂದ ಬಾಣವೊಂದು ಹೊರಟು, ನೂಲು, ಗೂಡು, ಚುಕ್ಕೆಗಳನ್ನು ದಾಟಿ, ಬಲತುದಿಯ ಕಣಜವನ್ನು ಮುಟ್ಟಿತ್ತು. ಚಿಟ್ಟೆಗೆ ಜಾಗವೇ ಉಳಿದಿರಲಿಲ್ಲ.

ಮಧ್ಯಾಹ್ನದ ಸಭೆಯಲ್ಲಿ ಹನಿಶಿ ಮೇಷ್ಟ್ರು ನನ್ನ ಯೋಜನೆಯಲ್ಲಿ ‘ಮಕ್ಕಳು ಹೇಳಬಹುದಾದ ಉತ್ತರಗಳು’ ಎಂಬ ಪುಟವನ್ನು ಪೂರ್ತಿ ಓದಿದರು. ಇದರಲ್ಲಿ ಒಂದೂ ಇವತ್ತು ಕೇಳಿಸಲಿಲ್ಲ ಎಂದರು. ನಾನು ತಲೆ ತಗ್ಗಿಸಿದೆ. “ಬೋರ್ಡು ಮಾತ್ರ ನಾಳೆವರೆಗೂ ಒರೆಸ್ಬೇಡಮ್ಮ. ನನ್ನ ಮಕ್ಕಳನ್ನ ಕರ್ಕೊಂಡು ಬರ್ತೀನಿ,” ಎಂದರು. ಆಮೇಲೆ ಉಳಿದ ಹನ್ನೆರಡು ಜನವೂ ಒಮ್ಮೆಲೇ ಮಾತಾಡತೊಡಗಿದರು, ಕಣಜಗಳ ಬಗ್ಗೆ, ಮಿನೋರಿಯ ಬಗ್ಗೆ. ಒಬ್ಬರಂತೂ ನನ್ನ ಬಗ್ಗೆ.

ಹಿಂದಿರುಗಿ ಬಂದರೆ ಮಿನೋರಿ ಇನ್ನೂ ಮನೆಗೆ ಹೋಗಿರಲಿಲ್ಲ. ಇವಕ್ಕೂ ಕೋಸು ಬೇಕಾ ಎಂದು ಕೇಳಿದಳು. ಗೂಡಿನಲ್ಲಿರುವವಕ್ಕೆ ಊಟ ಬೇಡ ಎಂದೆ.

“ಒಳ್ಳೇದಾಯ್ತು. ಹೆಂಗೂ ನಾನು ಕೊಡ್ತಿರ್ಲಿಲ್ಲ.”

ಹಾಗಂದವಳು ಅಭಿನಂದನೆಯ ಕಾಗದ ಕಿತ್ತು, ಮುಚ್ಚಳ ತೆಗೆದು, ಸೊಳ್ಳೆಪರದೆಯ ತುಂಡೊಂದನ್ನು ಎರಡು ಪದರ ಮಡಚಿ ಡಬ್ಬಿಯ ಬಾಯಿಗೆ ಬಿಗಿಯಾಗಿ ಕಟ್ಟಿದಳು. ಅಷ್ಟು ಸಣ್ಣ ಕಣಜಗಳು ಮುಚ್ಚಳದ ತೂತಿನಿಂದ ನುಸುಳಿ ಹೋದರೆ ಆಮೇಲೆ ನೋಡುವುದು ಹೇಗೆ ಎಂದು ನನ್ನನ್ನೇ ಗದರಿದಳು.